ಅಪ್ಪನ ಫಿಯೆಟ್ ಮೊದಲು ಯಾರದ್ದು?

ಉಡುಪಿಯ ನಮ್ಮ ಮನೆಯ ಶೆಡ್ಡಿನಲ್ಲಿ ಒಂದು ಫಿಯೆಟ್ 1100 ಡಿಲೈಟ್ ಇದೆ. ಅಪ್ಪ 1984ರಲ್ಲಿ ಒಬ್ಬ ಬ್ರೋಕರ್ ಮೂಲಕ ಕೊಂಡ ಕಾರು. ನಂಬರ್ ಪ್ಲೇಟಿನಲ್ಲಿ ಎಂವೈಎಕ್ಸ್ ಅಂತ ಇದೆ. ನಮ್ಮ ರಾಜ್ಯಕ್ಕೆ ಮೈಸೂರು ಅಂತಲೇ ಹೆಸರಿದ್ದ ಕಾಲದ ನಂಬರು ಅದು. ಎಂವೈ ಅಂದರೆ ಮೈಸೂರು, ಎಕ್ಸ್ ಅಂದರೆ ನಮ್ಮ ದಕ್ಷಿಣ ಕನ್ನಡ. ಆಗ ಉಡುಪಿಯೂ ಅದೇ ಜಿಲ್ಲೆ. ಕೆಎ 19, ಕೆಎ 20 ಎಲ್ಲ ಬಂದದ್ದು 1989ರಲ್ಲಿ ಹೊಸ ಮೋಟಾರು ವಾಹನ ಕಾಯ್ದೆ ಜಾರಿಗೆ ಬಂದ ಮೇಲೆ.

ಕಾರು ಕೊಡಿಸುವಾಗ ಬ್ರೋಕರ್ ಒಂದು ಮಾತು ಹೇಳಿದ್ದರಂತೆ. "ಇದು ದೊಡ್ಡ ಗುತ್ತಿನ ಮನೆಯ ಕಾರು. ಯಜಮಾನರು ಕೋರ್ಟಿಗೆ ಹೋಗಲಿಕ್ಕೆ ಮಾತ್ರ ಹೊರಗೆ ತೆಗೆಯುತ್ತಿದ್ದದ್ದು." ಗುತ್ತು ಅಂದರೆ ನಮ್ಮ ಕಡೆಯ ಹಳೆಯ ಜಮೀನ್ದಾರಿ ಮನೆತನ. ಅಪ್ಪ ಆ ಮಾತನ್ನು ನಂಬಿದರು. ನಾವೂ ನಂಬಿದೆವು. ಮನೆಗೆ ಬಂದವರಿಗೆಲ್ಲ ನಾವು ನಲವತ್ತು ವರ್ಷ ಅದನ್ನೇ ಹೇಳಿದ್ದೇವೆ.

ಅಪ್ಪನಿಗೆ ಈ ಕಾರಿನ ಮೇಲೆ ಇದ್ದ ದೂರು ಒಂದೇ. ಮುಂದಿನ ಸೀಟು ಸ್ಟೇರಿಂಗಿಗೆ ತೀರಾ ಹತ್ತಿರ. ಅಪ್ಪ ಉದ್ದ ಆಳು. ಮೊಣಕಾಲು ತಾಗುತ್ತದೆ ಅಂತ ಗೊಣಗುತ್ತಲೇ ಮಲ್ಪೆ, ಮಣಿಪಾಲ, ಕೊಲ್ಲೂರು ಅಂತ ಓಡಿಸಿದರು. ನಾನು ಕುಳ್ಳಿ. ಹದಿನೆಂಟಕ್ಕೆ ಡ್ರೈವಿಂಗ್ ಕಲಿತದ್ದು ಇದೇ ಕಾರಿನಲ್ಲಿ. ಬೇರೆ ಕಾರುಗಳಲ್ಲಿ ಬೆನ್ನ ಹಿಂದೆ ದಿಂಬು ಬೇಕಾಗುತ್ತಿತ್ತು. ಇದರಲ್ಲಿ ಸುಮ್ನೆ ಕೂತರೆ ಸಾಕು, ಕಾಲು ಕ್ಲಚ್ಚಿಗೆ ಸರಿಯಾಗಿ ಎಟಕುತ್ತಿತ್ತು. ಸ್ಟೇರಿಂಗ್ ಕೆಳಗಿನ ಗೇರು ಕೂಡ ಕೈಗೆ ಹತ್ತಿರ. ಯಾಕೆ ಹೀಗೆ ಅಂತ ನಾನು ಯಾವತ್ತೂ ಯೋಚಿಸಿರಲಿಲ್ಲ.

ಹುಡುಕಾಟ ಶುರುವಾದದ್ದು ಒಂದು ಅರ್ಜಿಯಿಂದ. 2021ರ ಜುಲೈಯಲ್ಲಿ ಕೇಂದ್ರ ಸರಕಾರ ಹಳೆಯ ವಾಹನಗಳಿಗೆ ಹೊಸ ನಿಯಮ ತಂದಿತು. ಮೊದಲ ನೋಂದಣಿಯಾಗಿ ಐವತ್ತು ವರ್ಷ ದಾಟಿದ, ಮೂಲ ರೂಪದಲ್ಲೇ ಇಟ್ಟುಕೊಂಡ ಕಾರು ಮತ್ತು ಬೈಕುಗಳಿಗೆ ವಿಂಟೇಜ್ ಅಂತ ನೋಂದಣಿ ಸಿಗುತ್ತದೆ. ಹೊಸದಾಗಿ ನೋಂದಣಿ ಮಾಡಿಸುವವರಿಗೆ ವಿಎ ಅಕ್ಷರದ ನಂಬರು. ಮೊದಲೇ ನಂಬರು ಇರುವವರು ಹಳೆಯದನ್ನೇ ಉಳಿಸಿಕೊಳ್ಳಬಹುದು. ದಿನನಿತ್ಯದ ಓಡಾಟಕ್ಕೆ ಮಾತ್ರ ಅವಕಾಶ ಇಲ್ಲ. ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲ್ ಹಾಕಿಸುವುದು ಇಂಥದ್ದಕ್ಕೆ ಓಡಿಸಬಹುದು. ಅಪ್ಪನಿಗೆ ಈಗ ಎಂಬತ್ತೊಂದು. ಎಂವೈಎಕ್ಸ್ ನಂಬರು ಉಳಿಯುತ್ತದೆ ಅಂದ ಕೂಡಲೇ ಅವರ ಮುಖ ಅರಳಿತು. "ಮಾಡಿಸು" ಅಂದರು.

ತೊಂದರೆ ಇದ್ದದ್ದು ಕಾಗದದಲ್ಲಿ. ನಮ್ಮ ಹತ್ತಿರ ಇದ್ದದ್ದು ನಕಲು ಆರ್‌ಸಿ ಬುಕ್. ಮೂಲ ಪುಸ್ತಕ ನಮಗಿಂತ ಹಿಂದಿನವರ ಕಾಲದಲ್ಲೇ ಕಳೆದುಹೋಗಿತ್ತು. ನಕಲಿನಲ್ಲಿ ಮೊದಲ ನೋಂದಣಿಯ ತಾರೀಕಿನ ಜಾಗ ಖಾಲಿ. ಐವತ್ತು ವರ್ಷ ಅಂತ ಎಣಿಸಬೇಕಾದದ್ದೇ ಆ ತಾರೀಕಿನಿಂದ, ಅಲ್ವಾ? ಮೊಬೈಲಿನ ಆ್ಯಪಿನಲ್ಲಿ ನಂಬರು ಹಾಕಿದರೆ ಏನೂ ಬರುವುದಿಲ್ಲ. ಇಷ್ಟು ಹಳೆಯ ದಾಖಲೆ ಕಂಪ್ಯೂಟರಿಗೆ ಏರಿಯೇ ಇರಲಿಲ್ಲ.

ಇನ್ನೂ ಒಂದು ತಾಪತ್ರಯ ಇತ್ತು. ನಮ್ಮ ಮೆಕ್ಯಾನಿಕ್ ಚಾಸಿ ನಂಬರಿನ ಪೆನ್ಸಿಲ್ ಪ್ರಿಂಟ್ ತೆಗೆದ. ಬಾನೆಟ್ ಎತ್ತಿ, ನಂಬರು ಕೊರೆದ ಜಾಗದ ತುಕ್ಕು ಒರೆಸಿ, ತೆಳು ಕಾಗದ ಇಟ್ಟು, ಮೇಲೆ ಪೆನ್ಸಿಲ್ ಉಜ್ಜಿದ. ಅಂಕಿಗಳು ಒಂದೊಂದಾಗಿ ಎದ್ದು ಬಂದವು. ಆರ್‌ಸಿ ಪಕ್ಕದಲ್ಲಿಟ್ಟು ನೋಡಿದರೆ ಕೊನೆಯಿಂದ ಎರಡನೇ ಅಂಕಿ ಬೇರೆ. ಕಾರಿನಲ್ಲಿ 8, ಪುಸ್ತಕದಲ್ಲಿ 3.

"ಅಕ್ಕ, ಇದು ದೊಡ್ಡ ತಲೆನೋವು" ಅಂದ. "ನಕಲು ಬರೆಯುವಾಗ ಯಾರೋ ತಪ್ಪು ಮಾಡಿದ್ದಾರೆ. ಆದ್ರೆ ನಾವು ಹೇಳಿದರೆ ಯಾರು ಕೇಳ್ತಾರೆ? ಕಾಗದ ಬೇಕು."

ಕರ್ನಾಟಕದಲ್ಲಿ ಇಂಥ ಕೆಲಸಕ್ಕೆ ಕೇಳಬೇಕಾದದ್ದು ಬಿ ಎಕ್ಸ್‌ಟ್ರಾಕ್ಟ್. ಆರ್‌ಟಿಒ ರಿಜಿಸ್ಟರಿನಲ್ಲಿ ಒಂದು ವಾಹನದ ಬಗ್ಗೆ ಏನೇನು ಬರೆದಿದೆಯೋ ಅದರ ಪ್ರತಿ. ಮೊದಲ ಮಾಲೀಕರಿಂದ ಹಿಡಿದು ಎಲ್ಲ ವರ್ಗಾವಣೆಗಳೂ ಅದರಲ್ಲಿ ಇರುತ್ತವೆ. ಅಪ್ಪನ ಸಹಿ ಹಾಕಿಸಿ, ಆಧಾರ್ ಪ್ರತಿ ಇಟ್ಟು, ಶುಲ್ಕ ಕಟ್ಟಿ ಮಂಗಳೂರಿನಲ್ಲಿ ಅರ್ಜಿ ಕೊಟ್ಟೆ. ಮೂರನೇ ಸಲ ಹೋದಾಗ ಸಿಕ್ಕಿತು. ಸದ್ಯದಲ್ಲೇ ನಿವೃತ್ತಿಯಾಗಲಿದ್ದ ಒಬ್ಬರು ಸಿಬ್ಬಂದಿ ಒಳಗಿನಿಂದ ರಿಜಿಸ್ಟರನ್ನು ಎರಡೂ ಕೈಯಲ್ಲಿ ಮಗುವಿನ ಹಾಗೆ ಎತ್ತಿಕೊಂಡು ಬಂದರು. ರಟ್ಟು ಕಿತ್ತುಹೋಗಿತ್ತು. ಹಾಳೆಯ ಅಂಚು ಮುಟ್ಟಿದರೆ ಉದುರುತ್ತಿತ್ತು. "ಎಂವೈಎಕ್ಸ್ ಕೇಳಿಕೊಂಡು ಬರುವವರು ಈಗ ಕಡಿಮೆ" ಅಂದರು.

1967ರ ಫೆಬ್ರವರಿ. ಫಿಯೆಟ್. ನಾಲ್ಕು ಸಿಲಿಂಡರ್. ಮಾಲೀಕರ ಹೆಸರಿನ ಕಡೆ ಬೆರಳು ಸರಿಸಿದೆ. ಅಲ್ಲಿ ಗುತ್ತಿನ ಯಜಮಾನರು ಇರಲಿಲ್ಲ. ಒಬ್ಬ ಹೆಂಗಸಿನ ಹೆಸರು ಇತ್ತು. ಹೆಸರಿನ ಹಿಂದೆ 'ಡಾಕ್ಟರ್ ಮಿಸ್' ಅಂತ. ವಿಳಾಸ ಬೆಂದೂರು, ಮಂಗಳೂರು.

ನಾನು ಆ ಸಾಲನ್ನು ಎಷ್ಟು ಸಲ ಓದಿದೆನೋ. 1967ರಲ್ಲಿ, ಮದುವೆಯಾಗದ ಒಬ್ಬ ಡಾಕ್ಟ್ರಮ್ಮ, ತನ್ನದೇ ಹೆಸರಲ್ಲಿ ಕಾರು. ಗಂಡಂದಿರ, ಅಪ್ಪಂದಿರ ಹೆಸರುಗಳೇ ತುಂಬಿದ್ದ ಆ ಪುಟದಲ್ಲಿ ನನಗೆ ಕಂಡ ಹೆಂಗಸು ಅವರೊಬ್ಬರೇ.

ಅವರ ಕೆಳಗೆ 1974ರಲ್ಲಿ ಕಾರ್ಕಳದ ಒಬ್ಬರಿಗೆ ವರ್ಗಾವಣೆ. ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಎಂಜಿನ್ ಬದಲಾಯಿಸಿದ ಟಿಪ್ಪಣಿ. ಹಳೆಯ ಕಾರುಗಳಲ್ಲಿ ಎಂಜಿನ್ ನಂಬರು ಹೊಂದದಿದ್ದರೆ ಜನ ಹೆದರುತ್ತಾರೆ. ಆದರೆ ಬದಲಾಯಿಸಿದ್ದನ್ನು ದಾಖಲು ಮಾಡಿಸಿದ್ದರೆ ಅಷ್ಟು ಭಯ ಪಡಬೇಕಾಗಿಲ್ಲ. ಗುರುತು ಹಿಡಿಯಲು ಚಾಸಿ ನಂಬರೇ ಆಧಾರ. ಆಮೇಲೆ 1981ರಲ್ಲಿ ಇನ್ನೊಬ್ಬರು, 1984ರಲ್ಲಿ ಅಪ್ಪ. ಅಂದರೆ ಅಪ್ಪ ನಾಲ್ಕನೆಯವರು. ಬ್ರೋಕರ್ ಎರಡನೆಯವರು ಅಂದಿದ್ದರು.

ಆದರೆ ನನಗೆ ಬೇಕಾಗಿದ್ದ ಆ ಒಂದು ಅಂಕಿ ಇದ್ದ ಜಾಗದಲ್ಲೇ ನೀರು ಬಿದ್ದು ಶಾಯಿ ಹರಡಿತ್ತು. 8 ಅಂದರೆ 8, 3 ಅಂದರೆ 3. ಆ ಸಿಬ್ಬಂದಿ ಭೂತಗನ್ನಡಿ ಹಿಡಿದು ನೋಡಿ ತಲೆ ಆಡಿಸಿದರು. "ಶೋರೂಮಿನ ಬಿಲ್ಲೋ ಡೆಲಿವರಿ ಚೀಟಿಯೋ ಸಿಕ್ಕಿದರೆ ತನ್ನಿ. ಅದನ್ನು ಸೇರಿಸಿ ತಿದ್ದುಪಡಿಗೆ ಬರೆಯುವ."

ಐವತ್ತು ವರ್ಷ ದಾಟಿದ ಬಿಲ್ಲು! ಕಾರು ಮಾರಿದ ಮಂಗಳೂರಿನ ಅಂಗಡಿ ಮುಚ್ಚಿ ಎಷ್ಟೋ ಕಾಲವಾಗಿದೆ. ಉಳಿದದ್ದು ಬೆಂದೂರಿನ ವಿಳಾಸ ಮಾತ್ರ.

ಆ ವಿಳಾಸದಲ್ಲಿ ಈಗ ಏಳು ಮಾಳಿಗೆಯ ಫ್ಲ್ಯಾಟ್. ವಾಚ್‌ಮನ್ ಬೇರೆ ಊರಿನವನು. ಪಕ್ಕದ ಮೆಡಿಕಲ್ ಶಾಪಿನವರು ಒಂದು ದಾರಿ ತೋರಿಸಿದರು. ಕ್ರಿಶ್ಚಿಯನ್ ಮನೆತನ ಆದರೆ ಚರ್ಚಿನ ವಾಳೆಯ, ಅಂದರೆ ವಾರ್ಡಿನ, ಮುಖ್ಯಸ್ಥರಾದ ಗುರ್ಕಾರರನ್ನು ಕೇಳಿ ಅಂದರು. ನಮ್ಮ ಕಡೆ ಇದು ತುಂಬ ಒಳ್ಳೆಯ ವ್ಯವಸ್ಥೆ. ಪ್ರತಿ ವಾಳೆಗೆ ಒಬ್ಬ ಗುರ್ಕಾರರು ಇರುತ್ತಾರೆ, ಅವರಿಗೆ ಮನೆಮನೆಯ ಸುದ್ದಿ ಗೊತ್ತಿರುತ್ತದೆ. ಆ ಗುರ್ಕಾರರು ಹೆಸರು ಕೇಳಿದ ಕೂಡಲೇ "ಓ, ಹೆರಿಗೆ ಡಾಕ್ಟ್ರಮ್ಮ!" ಅಂದರು. ಡಾಕ್ಟ್ರಮ್ಮನ ಅಣ್ಣನ ಮಗಳು ಮಂಗಳೂರಿನದ್ದೇ ವೆಲೆನ್ಸಿಯಾದಲ್ಲಿ ಇದ್ದಾರೆ ಅಂತ ಅಲ್ಲೇ ನಿಂತು ಫೋನ್ ಮಾಡಿದರು.

ವೆಲೆನ್ಸಿಯಾದ ಆ ಹೆಂಚಿನ ಮನೆಗೆ ಹೋದದ್ದು ಒಂದು ಭಾನುವಾರ ಮಧ್ಯಾಹ್ನ. ಜೋರು ಮಳೆ. ಎಪ್ಪತ್ತು ದಾಟಿದ ಅಮ್ಮ ಒಬ್ಬರು ಬಾಗಿಲು ತೆರೆದರು. ನಾನು ಮೊಬೈಲಿನಲ್ಲಿ ಕಾರಿನ ಫೋಟೋ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡರು. ನೋಡಿದ್ದು ಕಾರನ್ನಲ್ಲ, ನಂಬರನ್ನು. ಅದನ್ನು ಮೆಲ್ಲ ಬಾಯಲ್ಲಿ ಹೇಳಿಕೊಂಡರು. "ಇದು ಇನ್ನೂ ಉಂಟಾ?" ಅಂತ ಕೇಳಿದರು. ಅವರ ಸ್ವರ ನಡುಗುತ್ತಿತ್ತು.

"ಉಂಟು. ಓಡ್ತದೆ ಕೂಡ."

ಒಳಗಿನಿಂದ ಒಂದು ಟ್ರಂಕ್ ಎಳೆಸಿದರು. ಡಾಕ್ಟ್ರಮ್ಮ ಯಾವ ಕಾಗದವನ್ನೂ ಬಿಸಾಡದ ಜನ. ಕಾರಿನದ್ದೇ ಒಂದು ಫೈಲು ಇತ್ತು. ಎಲ್ಲಕ್ಕಿಂತ ಮೇಲೆ ಇದ್ದದ್ದು ಪೋಸ್ಟ್ ಆಫೀಸಿನ ಉಳಿತಾಯ ಖಾತೆಯ ಪಾಸ್‌ಬುಕ್. ಕಾರಿನ ಫೈಲಿನಲ್ಲಿ ಪೋಸ್ಟ್ ಆಫೀಸಿಗೆ ಏನು ಕೆಲಸ ಅಂತ ನನಗೆ ಮೊದಲು ಅರ್ಥವಾಗಲಿಲ್ಲ. ಅದರ ಜೊತೆ ಇದ್ದ ಕಾಗದ ಓದಿದಾಗ ಗೊತ್ತಾಯಿತು. ಆಗ ಕಾರು ಬೇಕೆಂದರೆ ದುಡ್ಡು ಕೊಟ್ಟು ತರುವ ಹಾಗಿರಲಿಲ್ಲ. ಕಾರು ಹಂಚುವುದಕ್ಕೂ ಮಾರುವುದಕ್ಕೂ 1959ರ ಸರಕಾರಿ ನಿಯಂತ್ರಣ ಆದೇಶ ಇತ್ತು. ಹೆಸರು ಬರೆಸಬೇಕು, ಮುಂಗಡವನ್ನು ಪೋಸ್ಟ್ ಆಫೀಸಿನಲ್ಲಿ ಇಟ್ಟು ಪಾಸ್‌ಬುಕ್ಕನ್ನು ಡೀಲರ್ ಹೆಸರಿಗೆ ಅಡವು ಮಾಡಬೇಕು, ಆಮೇಲೆ ಸರದಿ ಕಾಯಬೇಕು. ಸಿಕ್ಕಿದ ಕಾರನ್ನು ಎರಡು ವರ್ಷ ಅನುಮತಿ ಇಲ್ಲದೆ ಮಾರುವಂತೆಯೂ ಇರಲಿಲ್ಲ. ಯಾಕೆಂದರೆ ಹೊರಗೆ ಕಾಯಲಾರದವರು ಜಾಸ್ತಿ ದುಡ್ಡು ಕೊಟ್ಟು ಕೊಳ್ಳಲು ತಯಾರಿದ್ದರು.

ಡಾಕ್ಟ್ರಮ್ಮ ಹೆಸರು ಬರೆಸಿದ್ದು 1961ರಲ್ಲಿ. ಫೈಲಿನಲ್ಲಿ ಡೀಲರ್ ಬರೆದ ನಾಲ್ಕು ಪತ್ರಗಳು ಇದ್ದವು. ನಾಲ್ಕರಲ್ಲೂ ಒಂದೇ ಮಾತು: ತಮ್ಮ ಸರದಿ ಇನ್ನೂ ಬಂದಿಲ್ಲ. ಆರು ವರ್ಷ! ಆ ಆರು ವರ್ಷ ರಾತ್ರಿ ಹೆರಿಗೆಗೆ ಕರೆ ಬಂದರೆ ಬಾಡಿಗೆ ಕಾರಿನವರ ಬಾಗಿಲು ತಟ್ಟಬೇಕಿತ್ತಂತೆ. "ಕೆಲವು ಸಲ ಅವರು ಏಳುತ್ತಲೇ ಇರಲಿಲ್ಲ. ಅತ್ತೆ ಟಾರ್ಚ್ ಹಿಡಿದು ನಡೆದುಕೊಂಡೇ ಹೋಗಿದ್ದಾರೆ" ಅಂದರು ಆ ಅಮ್ಮ.

ಡೆಲಿವರಿ ಚೀಟಿ ಪಾಸ್‌ಬುಕ್ಕಿನ ಅಡಿಯಲ್ಲೇ ಇತ್ತು. ಟೈಪ್ ಮಾಡಿದ್ದು. ನಾನು ಪರ್ಸಿನಿಂದ ಪೆನ್ಸಿಲ್ ಪ್ರಿಂಟ್ ತೆಗೆದೆ. ಎರಡನ್ನೂ ಮೇಜಿನ ಮೇಲೆ ಇಟ್ಟು ಒಂದೊಂದೇ ಅಂಕಿ ಜೋರಾಗಿ ಓದಿದೆವು, ನಾನು ಒಂದು, ಅವರು ಒಂದು. ಕೊನೆಯಿಂದ ಎರಡನೆಯದು 8. ನನಗೆ ಕಣ್ಣು ತುಂಬಿ ಬಂತು, ಯಾಕೆ ಅಂತ ಆಗ ನನಗೇ ಗೊತ್ತಾಗಲಿಲ್ಲ.

ಚೀಟಿಯಲ್ಲಿ ಬಣ್ಣ ತಿಳಿ ಹಸಿರು ಅಂತ ಇತ್ತು. ನಮ್ಮ ಕಾರು ಬಿಳಿ. ಆದರೆ ಡಿಕ್ಕಿಯಲ್ಲಿ ಸ್ಟೆಪ್ನಿ ಎತ್ತಿದರೆ ಅಡಿಯಲ್ಲಿ ಹಸಿರು ಕಾಣುತ್ತದೆ. ಅದು ಬರೀ ಪಾಚಿಯ ಕಲೆ ಅಂತ ಇಷ್ಟು ದಿನ ಅಂದುಕೊಂಡಿದ್ದೆ. ಇನ್ನೊಂದು ವಿಚಿತ್ರ ಇತ್ತು. ಹೊಸ ಕಾರಿನ ಮೀಟರ್ ಡೆಲಿವರಿ ದಿನವೇ 1,106 ಕಿಲೋಮೀಟರ್ ತೋರಿಸುತ್ತಿತ್ತು. ಯೋಚಿಸಿದಾಗ ಹೊಳೆಯಿತು. ಈ ಕಾರುಗಳನ್ನು ಮಾಡುತ್ತಿದ್ದದ್ದು ಪ್ರೀಮಿಯರ್ ಆಟೊಮೊಬೈಲ್ಸ್, ಬೊಂಬಾಯಿಯ ಕುರ್ಲಾದಲ್ಲಿ. ಕೊಂಕಣ ರೈಲು ಬಂದದ್ದು 1998ರಲ್ಲಿ. ಯಾರೋ ಒಬ್ಬ ಡ್ರೈವರ್ ಕುರ್ಲಾದಿಂದ ರಸ್ತೆಯಲ್ಲೇ, ಘಾಟಿ ಹತ್ತಿ ಇಳಿಸಿ ಅದನ್ನು ಮಂಗಳೂರಿಗೆ ತಂದಿದ್ದ. ಆ ಅಂಕಿ ಅವನ ಪ್ರಯಾಣದ್ದು.

ಹೊರಡುವ ಮೊದಲು ಅವರು ಒಂದು ಫೋಟೋ ತೋರಿಸಿದರು. ಕಪ್ಪು ಬಿಳುಪು. ಕಾರಿನ ಬಾಗಿಲಿಗೆ ಕೈ ಊರಿ ನಿಂತ ಡಾಕ್ಟ್ರಮ್ಮ. ಕಾರಿನ ಮಾಡಿಗಿಂತ ತಲೆ ಸ್ವಲ್ಪವೇ ಮೇಲೆ.

"ಭಾರೀ ಕುಳ್ಳಿ ನಮ್ಮ ಅತ್ತೆ" ಅಂತ ಅವರು ನಕ್ಕರು. "ಕಾರು ಬಂದ ದಿನ ಕ್ಲಚ್ಚಿಗೆ ಕಾಲೇ ಎಟಕಲಿಲ್ಲ. ಆರು ವರ್ಷ ಕಾದು ಓಡಿಸಲಿಕ್ಕೆ ಆಗದಿದ್ರೆ ಹೇಗೆ? ಮಾರನೇ ದಿನವೇ ಗ್ಯಾರೇಜಿಗೆ ಕೊಂಡುಹೋಗಿ ಸೀಟು ಬಿಚ್ಚಿಸಿದ್ರು. ಹೊಸ ತೂತು ಕೊರೆಸಿ ಮುಂದೆ ಕೂರಿಸಿದ್ರು. ಹೊಸ ಕಾರಿಗೆ ತೂತು ಹಾಕ್ತೀಯಾ ಅಂತ ನನ್ನ ಅಪ್ಪ ಬೈದದ್ದು ನಂಗೆ ಈಗಲೂ ನೆನಪುಂಟು."

ಮೂಲ ಕಾಗದಗಳನ್ನು ಅವರು ಕೊಡಲಿಲ್ಲ. ನಾನು ಕೇಳಲೂ ಇಲ್ಲ. ಅವು ಆ ಮನೆಯಲ್ಲೇ ಇರಬೇಕು. ಝೆರಾಕ್ಸ್ ಮಾಡಿಸಿಕೊಂಡೆ. ಅದರ ಮೇಲೆ ಅವರು ಸಹಿ ಹಾಕಿ ಕೊಟ್ಟರು.

ಉಡುಪಿಗೆ ಬಂದು ಅಪ್ಪನಿಗೆ ಎಲ್ಲ ಹೇಳಿದೆ. ಗುತ್ತಿನ ಯಜಮಾನರ ಕತೆ ಸುಳ್ಳು ಅಂತ ಬೇಸರ ಆಗಬಹುದು ಅಂದುಕೊಂಡಿದ್ದೆ. ಅವರು ಫೋಟೋದ ಪ್ರತಿಯನ್ನು ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದರು. "ಎಷ್ಟು ಮಕ್ಕಳು ಹುಟ್ಟಿರಬಹುದು, ಈ ಕಾರು ಹೋದ ಮನೆಗಳಲ್ಲಿ" ಅಂದರು. ಆಮೇಲೆ ಶೆಡ್ಡಿಗೆ ಹೋಗಿ ಸೀಟಿನಲ್ಲಿ ಕೂತರು. ಮೊಣಕಾಲು ಸ್ಟೇರಿಂಗಿಗೆ ತಾಗಿತು. ಅವತ್ತು ಗೊಣಗಲಿಲ್ಲ.

ತಿದ್ದುಪಡಿಯ ಅರ್ಜಿ ಕೊಟ್ಟಾಗಿದೆ. ಕಾರ್ಕಳದವರನ್ನು ಇನ್ನೂ ಹುಡುಕಬೇಕು. ಎಂಜಿನ್ ಯಾಕೆ ಬದಲಾಯಿಸಿದರು ಅಂತ ಅವರ ಮನೆಯವರಿಂದಲೇ ಕೇಳುವ ಆಸೆ ನನಗೆ.

ಮಳೆಗಾಲ ಮುಗಿದ ಮೇಲೆ ತುಕ್ಕು ತಿಂದ ಫ್ಲೋರಿನ ಕೆಲಸ ಶುರುವಾಯಿತು. ಉಪ್ಪು ಗಾಳಿಯ ಊರು, ನಮ್ಮ ಕಡೆ ಹಳೆ ಕಾರುಗಳ ಪಾದ ಮೊದಲು ಹೋಗುತ್ತದೆ. ಮೆಕ್ಯಾನಿಕ್ ಸೀಟು ಬಿಚ್ಚಿ ಹೊರಗೆ ಇಟ್ಟ. ಕೆಳಗೆ ಎರಡು ಸಾಲು ತೂತುಗಳು ಕಂಡವು. ಹಿಂದಿನದ್ದು ಕುರ್ಲಾದ್ದು, ನೀಟಾಗಿ, ದುಂಡಗೆ. ಮುಂದಿನದ್ದು ಕೈಯಲ್ಲಿ ಕೊರೆದದ್ದು, ಸ್ವಲ್ಪ ಸೊಟ್ಟ.

"ಅಕ್ಕ, ಒರಿಜಿನಲ್ ಮಾಡ್ಬೇಕು ಅಂದ್ರಲ್ಲ. ಈ ಮುಂದಿನ ತೂತುಗಳನ್ನು ವೆಲ್ಡ್ ಮಾಡಿ ಮುಚ್ಚಲಾ? ಸೀಟು ಹಿಂದೆ ಹಾಕ್ತೇನೆ."

"ಬೇಡ" ಅಂದೆ. "ಮೊದಲು ಇದ್ದಲ್ಲಿಗೇ ಹಾಕಿ."

"ಮೊದಲು ಅಂದ್ರೆ ಯಾವುದು?"

ನಾನು ಬಗ್ಗಿ ಸೊಟ್ಟ ತೂತುಗಳನ್ನು ಮುಟ್ಟಿ ತೋರಿಸಿದೆ.