ಮೂವತ್ತು ಡಿಸ್ಪೋಸಲ್‌ಗೆ ಮರುಳಾಗುವ ಮುನ್ನ

ಗ್ರ್ಯಾಂಡ್ ಫೈನಲ್ ಮುಗಿದಿದೆ, ಅಗ್ರ ಲೀಗ್ ಎಎಫ್‌ಎಲ್‌ನ ಡ್ರಾಫ್ಟ್‌ಗೆ, ಅಂದರೆ ಕ್ಲಬ್‌ಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವುದಕ್ಕೆ, ನವೆಂಬರ್‌ವರೆಗೆ ಕಾಯಬೇಕು. ಈ ನಡುವಿನ ವಾರಗಳಲ್ಲಿ ಆಸ್ಟ್ರೇಲಿಯನ್ ಫುಟ್‌ಬಾಲ್ ಅಭಿಮಾನಿಗಳಿಗೆ ಒಂದೇ ಕೆಲಸ: ಹದಿನೆಂಟರ ಹುಡುಗರನ್ನು ಒಂದರಿಂದ ಮೂವತ್ತರವರೆಗೆ ಸಾಲಾಗಿ ನಿಲ್ಲಿಸುವುದು. ಹೆಚ್ಚಿನ ಪಟ್ಟಿಗಳು ಎಡವುವುದು ಒಂದೇ ಜಾಗದಲ್ಲಿ. ಹುಡುಗ ಎಷ್ಟು ಸಲ ಚೆಂಡು ಮುಟ್ಟಿದ ಎಂದು ಎಣಿಸುತ್ತವೆ, ಎಂಥ ಹೊತ್ತಿನಲ್ಲಿ, ಯಾರ ಎದುರು ಮುಟ್ಟಿದ ಎನ್ನುವುದನ್ನು ಬಿಟ್ಟುಬಿಡುತ್ತವೆ.

ಬೆಳೆಯುವ ಸಿರಿ ಮೊಳಕೆಯಲ್ಲಿ ಎನ್ನುತ್ತೇವೆ. 2001ರ ಡ್ರಾಫ್ಟ್ ಪಟ್ಟಿಯನ್ನು ಎದುರಿಗಿಟ್ಟುಕೊಂಡರೆ ಈ ಗಾದೆ ಅರ್ಧ ಮಾತ್ರ ನಿಜ. ಮೊದಲ ಮೂರು ಪಿಕ್‌ಗಳು (ಆಯ್ಕೆಗಳು) ಲ್ಯೂಕ್ ಹಾಡ್ಜ್, ಲ್ಯೂಕ್ ಬಾಲ್, ಕ್ರಿಸ್ ಜಡ್. ಮೂವರೂ ದೊಡ್ಡ ಆಟಗಾರರಾದರು, ಮೊಳಕೆ ಸರಿಯಾಗಿಯೇ ಕಂಡಿತ್ತು. ಅದೇ ಪಟ್ಟಿಯಲ್ಲಿ 36ನೇ ಪಿಕ್ ಸ್ಯಾಮ್ ಮಿಚೆಲ್, 58ನೇ ಪಿಕ್ ಡೇನ್ ಸ್ವಾನ್. ಮಿಚೆಲ್ ಕುಳ್ಳ, ಓಟವೂ ನಿಧಾನ ಎಂದು ಹಿಂದಿನ ವರ್ಷ ಯಾರೂ ಆರಿಸಿರಲಿಲ್ಲ. ಮುಂದೆ ಇಬ್ಬರೂ ಸೀಸನ್‌ನ ಅತ್ಯುತ್ತಮ ಆಟಗಾರನಿಗೆ ಕೊಡುವ ಬ್ರೌನ್‌ಲೋ ಪದಕ ಗೆದ್ದರು. ಹತ್ತು ವರ್ಷದ ನಂತರ, 2011ರಲ್ಲಿ, ಮತ್ತೆ ಅದೇ 58ನೇ ಪಿಕ್‌ನಲ್ಲಿ ಫ್ರಿಮ್ಯಾಂಟಲ್ ತೆಗೆದುಕೊಂಡದ್ದು ಲಾಕಿ ನೀಲ್ ಅವರನ್ನು. ಅವರದು 2020 ಮತ್ತು 2023ರ ಎರಡು ಬ್ರೌನ್‌ಲೋ. ಇಷ್ಟು ಸಲ ಕೈತಪ್ಪಿದ್ದು ಒಂದೇ ಬಗೆಯ ಆಟಗಾರ ಎನ್ನುವುದನ್ನು ಗಮನಿಸಿ: ಗುಂಪಿನ ನಡುವೆ ಚೆಂಡು ಹೆಕ್ಕಿ, ಕಣ್ಣು ಮಿಟುಕಿಸುವಷ್ಟರಲ್ಲಿ ಸರಿಯಾದ ಕೈಗೆ ದಾಟಿಸುವ ಮಿಡ್‌ಫೀಲ್ಡರ್. ಈ ಗುಣವನ್ನು ಅಳೆಯಲು ಟೇಪೂ ಇಲ್ಲ, ಸ್ಟಾಪ್‌ವಾಚೂ ಇಲ್ಲ.

ತೂಗುವ ಕೆಲಸ ಹುಟ್ಟಿದ ದಿನಾಂಕದಿಂದ ಶುರುವಾಗಲಿ. ಡ್ರಾಫ್ಟ್ ನಡೆಯುವ ವರ್ಷದ ಡಿಸೆಂಬರ್ 31ರೊಳಗೆ ಹದಿನೆಂಟು ತುಂಬುವವರು ಅರ್ಹರು. ಹಾಗಾಗಿ ಜನವರಿಯಲ್ಲಿ ಹುಟ್ಟಿದವನೂ ಡಿಸೆಂಬರ್‌ನಲ್ಲಿ ಹುಟ್ಟಿದವನೂ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ಆ ವಯಸ್ಸಿನಲ್ಲಿ ಹನ್ನೊಂದು ತಿಂಗಳೆಂದರೆ ನಾಲ್ಕೈದು ಕಿಲೋ ಮೈ, ಒಂದಿಡೀ ಪ್ರೀ-ಸೀಸನ್ ತರಬೇತಿ. ಇಬ್ಬರ ಅಂಕಿಗಳೂ ಸರಿಸಮವಾಗಿದ್ದರೆ ನನ್ನ ಓಟು ಕಣ್ಣುಮುಚ್ಚಿ ಡಿಸೆಂಬರ್ ಹುಡುಗನಿಗೆ. ಹಿಂದಿನ ವರ್ಷ ಆಯ್ಕೆಯಾಗದೆ ಹತ್ತೊಂಬತ್ತಕ್ಕೆ ಮತ್ತೆ ಬಂದವರ ಲೆಕ್ಕ ಬೇರೆ. ಕಿರಿಯರ ನಡುವೆ ಮೈಬಲದಿಂದಲೇ ಮಿಂಚುವುದು ಅವರಿಗೆ ಸುಲಭ. ಆದ್ದರಿಂದ ಅವರನ್ನು ನೋಡುವುದಾದರೆ ಹಿರಿಯರ ಲೀಗ್‌ನಲ್ಲಿ ನೋಡಬೇಕು.

ಯಾವ ಲೀಗ್ ಎನ್ನುವುದೂ ತೂಕದ ಮಾತೇ. ವಿಕ್ಟೋರಿಯಾದ ಹುಡುಗರು ಕಿರಿಯರ ಲೀಗ್ ಆದ ಟ್ಯಾಲೆಂಟ್ ಲೀಗ್‌ನಲ್ಲಿ ಆಡುತ್ತಾರೆ. ಓಕ್ಲೀ ಚಾರ್ಜರ್ಸ್, ಸ್ಯಾಂಡ್ರಿಂಗ್‌ಹ್ಯಾಮ್ ಡ್ರ್ಯಾಗನ್ಸ್‌ನಂಥ ತಂಡಗಳ ಹುಡುಗರು ಅನೇಕರು ವರ್ಷದ ಒಂದು ಭಾಗ ತಮ್ಮ ಖಾಸಗಿ ಶಾಲೆಯ ತಂಡಕ್ಕೆ ಆಡಲು ಹೋಗಿಬಿಡುತ್ತಾರೆ. ಹಾಗಾಗಿ ಟ್ಯಾಲೆಂಟ್ ಲೀಗ್ ಸರಾಸರಿಯನ್ನು ಓದುವ ಮೊದಲು ಆ ಹುಡುಗ ಎಷ್ಟು ಪಂದ್ಯ ಆಡಿದ್ದಾನೆ ನೋಡಿ. ಐದು ಪಂದ್ಯದ ಸರಾಸರಿಯನ್ನು ಹದಿನೈದು ಪಂದ್ಯದ ಸರಾಸರಿಯ ಪಕ್ಕದಲ್ಲಿಟ್ಟು ತೂಗುವುದು ಶುದ್ಧ ತಪ್ಪು. ದಕ್ಷಿಣ ಆಸ್ಟ್ರೇಲಿಯಾ, ಪಶ್ಚಿಮ ಆಸ್ಟ್ರೇಲಿಯಾದ ಹುಡುಗರಿಗೆ ಒಂದು ಅನುಕೂಲವಿದೆ: ಆ ರಾಜ್ಯಗಳ ಲೀಗ್‌ಗಳಾದ ಎಸ್‌ಎಎನ್‌ಎಫ್‌ಎಲ್, ಡಬ್ಲ್ಯೂಎಎಫ್‌ಎಲ್‌ನಲ್ಲಿ ಹದಿನೇಳಕ್ಕೇ ಗಂಡಸರ ಜೊತೆ ಆಡುವ ಅವಕಾಶ. 2021ರ ಮೊದಲ ಪಿಕ್ ಜೇಸನ್ ಹಾರ್ನ್-ಫ್ರಾನ್ಸಿಸ್ ಹಾಗೆ ಸೌತ್ ಅಡಿಲೇಡ್‌ನ ಹಿರಿಯರ ತಂಡದಲ್ಲಿ ಆಡಿ ಬಂದವರು. ಹಿರಿಯರ ನಡುವೆ ಪಡೆದ ಹದಿನಾಲ್ಕು ಡಿಸ್ಪೋಸಲ್‌ಗೆ (ಒದ್ದು ಅಥವಾ ಗುದ್ದಿ ಚೆಂಡು ದಾಟಿಸಿದ್ದಕ್ಕೆ) ಓರಗೆಯವರ ನಡುವಿನ ಇಪ್ಪತ್ತೆಂಟಕ್ಕಿಂತ ಹೆಚ್ಚು ಬೆಲೆ ಕಟ್ಟಬೇಕು. ವಿಕ್ ಮೆಟ್ರೋ, ವಿಕ್ ಕಂಟ್ರಿ (ವಿಕ್ಟೋರಿಯಾದ ನಗರ ಮತ್ತು ಗ್ರಾಮಾಂತರ ತಂಡಗಳು), ಎಸ್‌ಎ (ದಕ್ಷಿಣ ಆಸ್ಟ್ರೇಲಿಯಾ), ಡಬ್ಲ್ಯೂಎ (ಪಶ್ಚಿಮ ಆಸ್ಟ್ರೇಲಿಯಾ) ಮತ್ತು ಉಳಿದ ರಾಜ್ಯಗಳವರು ಸೇರಿದ ಅಲೈಸ್ ತಂಡಗಳ ಅಂಡರ್-18 ಚಾಂಪಿಯನ್‌ಷಿಪ್ ಎಲ್ಲರನ್ನೂ ಒಂದೇ ತಕ್ಕಡಿಗೆ ಹಾಕುತ್ತದೆ ನಿಜ. ಆದರೆ ಅಲ್ಲಿ ನಡೆಯುವುದು ಬೆರಳೆಣಿಕೆಯ ಪಂದ್ಯಗಳು, ಅದರಲ್ಲೂ ಹುಡುಗನಿಗೆ ಸಿಗುವುದು ಅವನದಲ್ಲದ ಜಾಗವಾಗಿರಬಹುದು. ರಾಜ್ಯದ ತಂಡದಲ್ಲಿ ಮಿಡ್‌ಫೀಲ್ಡರ್‌ಗಳು ತುಂಬಿ ತುಳುಕಿದಾಗ ಒಳ್ಳೆಯ ಮಿಡ್‌ಫೀಲ್ಡರ್ ಒಬ್ಬ ಹಾಫ್ ಫಾರ್ವರ್ಡ್ ಎಂಬ ಮುಂದಿನ ಸಾಲಿನ ಜಾಗದಲ್ಲಿ ಹತ್ತು ಸಲ ಚೆಂಡು ಮುಟ್ಟಿ ಪಟ್ಟಿಗಳಲ್ಲಿ ಹತ್ತು ಸ್ಥಾನ ಕುಸಿಯುತ್ತಾನೆ. ಕುಸಿದವರನ್ನು ಹೆಕ್ಕುವುದೇ ಜಾಣತನ.

ಈಗ ಅಂಕಿಗಳ ವಿಷಯ. ಡಿಸ್ಪೋಸಲ್ ಎಂದರೆ ಕಿಕ್ ಮತ್ತು ಹ್ಯಾಂಡ್‌ಬಾಲ್‌ಗಳ (ಮುಷ್ಟಿಯಿಂದ ಗುದ್ದಿ ಚೆಂಡು ದಾಟಿಸುವುದು) ಮೊತ್ತ. ಮೂವತ್ತು ಎಂದ ಕೂಡಲೇ ಬಾಯಿ ಬಿಡುತ್ತೇವೆ. ಮೊದಲು ಅದರಲ್ಲಿ ಎಷ್ಟು ಕಾಂಟೆಸ್ಟೆಡ್, ಅಂದರೆ ಎದುರಾಳಿಯೊಡನೆ ಸೆಣಸಿ ಗಳಿಸಿದ್ದು ಎಂದು ಬಿಡಿಸಿ ನೋಡಿ. ಒಳ ಮಿಡ್‌ಫೀಲ್ಡರ್ ಎಂದು ಹೆಸರಾದ ಹುಡುಗನಿಗೆ ಮೂವತ್ತರಲ್ಲಿ ಏಳೆಂಟು ಮಾತ್ರ ಕಾಂಟೆಸ್ಟೆಡ್ ಎಂದಾದರೆ ಅವನು ಹೊರಗೆ ಅಂಚಿನಲ್ಲಿ ನಿಂತು ಬೇರೆಯವರು ಕೊಟ್ಟದ್ದನ್ನು ತೆಗೆದುಕೊಳ್ಳುತ್ತಿದ್ದಾನೆ. ಎಫಿಷಿಯೆನ್ಸಿ, ಅಂದರೆ ಪರಿಣಾಮಕಾರಿ ಡಿಸ್ಪೋಸಲ್‌ಗಳ ಶೇಕಡಾವಾರು, ಇನ್ನೂ ಮೋಸಗಾರ. ಪಕ್ಕದಲ್ಲೇ ನಿಂತವನಿಗೆ ಕೊಟ್ಟ ಎರಡು ಮೀಟರ್ ಹ್ಯಾಂಡ್‌ಬಾಲ್ ಪರಿಣಾಮಕಾರಿ; ನಲವತ್ತು ಮೀಟರ್ ದಾಟಿಸಿ ಐವತ್ತು-ಐವತ್ತರ ಪೈಪೋಟಿಯ ಮೇಲೆ ಬೀಳಿಸಿದ ಕಿಕ್ಕೂ ಪರಿಣಾಮಕಾರಿ. ಹಿಂದಿನ ಸಾಲಿನಲ್ಲಿ ನಿರಾತಂಕವಾಗಿ ಅಡ್ಡಕ್ಕೆ ಒದೆಯುತ್ತಾ ನಿಂತವನಿಗೆ ಎಂಬತ್ತೈದು ಶೇಕಡಾ ಬರುವುದರಲ್ಲಿ ಆಶ್ಚರ್ಯವಿಲ್ಲ. ಗುಂಪಿನ ಒಳಗಿಂದ ಚೆಂಡು ಕಸಿದು ಮುಂದಕ್ಕೆ ಕಳಿಸುವವನದು ಅರವತ್ತೈದಾಗಿದ್ದರೂ ತಂಡಕ್ಕೆ ಆದ ಲಾಭ ಅವನಿಂದಲೇ ಹೆಚ್ಚು. ಕಿಕ್-ಇನ್ (ಎದುರಾಳಿಯ ಗೋಲ್ ಯತ್ನ ತಪ್ಪಿದಾಗ ಆಟ ಮತ್ತೆ ಶುರುಮಾಡುವ ಒದೆತ) ತೆಗೆಯುವ ಡಿಫೆಂಡರ್‌ನ ಅಂಕಿಗಳಲ್ಲೂ ಒಂದಷ್ಟು ಗಾಳಿ ತುಂಬಿರುತ್ತದೆ. ಗೋಲ್ ಸ್ಕ್ವೇರ್‌ನಿಂದ ಓಡಿ ಹೊರಬಂದು ಒದ್ದದ್ದು ಅವನ ಖಾತೆಗೇ ಸೇರುತ್ತದೆ.

ವಿಡಿಯೊ ನೋಡುವುದಾದರೆ ಹೈಲೈಟ್ಸ್ ಬಿಟ್ಟು ಪೂರ್ತಿ ಪಂದ್ಯ ನೋಡಿ. ಎರಡು ನಿಮಿಷದ ತುಣುಕಿನಲ್ಲಿ ಕಳೆದುಕೊಂಡ ಚೆಂಡು ಒಂದೂ ಇರುವುದಿಲ್ಲ. ಒಬ್ಬನನ್ನೇ ಹಿಡಿದು ಕೂತು, ಹಾಳೆಯಲ್ಲಿ ನಾಲ್ಕು ಕಾಲಂ ಎಳೆಯಿರಿ: ಮೊದಲ ಮುಟ್ಟಿಗೇ ಚೆಂಡು ಕೈಗೆ ಬಂತೋ ಜಾರಿತೋ, ಒದ್ದದ್ದು ಬಲಗಾಲಲ್ಲೋ ಎಡಗಾಲಲ್ಲೋ, ಮೈಮೇಲೆ ಎದುರಾಳಿ ಇದ್ದನೋ ಇಲ್ಲವೋ, ಕೊಟ್ಟದ್ದು ಅಲ್ಲಿದ್ದ ಅತ್ಯುತ್ತಮ ಆಯ್ಕೆಗೋ ಅಥವಾ ಕಣ್ಣಿಗೆ ಮೊದಲು ಬಿದ್ದವನಿಗೋ. ಮೂರು ಪಂದ್ಯದಲ್ಲಿ ಅರವತ್ತು ಎಪ್ಪತ್ತು ಸಾಲು ತುಂಬುತ್ತವೆ. ಆಗ ಮಾತ್ರ 'ಎರಡೂ ಕಾಲಲ್ಲಿ ಒದೆಯುತ್ತಾನೆ' ಎಂಬ ಹೊಗಳಿಕೆಯ ಬಂಡವಾಳ ಬಯಲಾಗುತ್ತದೆ. ಬಹಳ ಹುಡುಗರು ಎಡಗಾಲು ಬಳಸುವುದು ಸುತ್ತ ಯಾರೂ ಇಲ್ಲದಾಗ. ಒತ್ತಡ ಬಂದೊಡನೆ ಬಲಕ್ಕೆ ತಿರುಗಲು ಅರ್ಧ ವೃತ್ತ ಸುತ್ತುತ್ತಾರೆ, ಟ್ಯಾಕಲ್‌ಗೆ ಸಿಕ್ಕಿಬೀಳುತ್ತಾರೆ. ಓರಗೆಯವರ ಆಟದಲ್ಲಿ ಆ ಅರ್ಧ ಸೆಕೆಂಡ್ ಸಿಗುತ್ತದೆ. ಎಎಫ್‌ಎಲ್‌ನಲ್ಲಿ ಸಿಗುವುದಿಲ್ಲ.

ಪ್ರಸಾರದ ಕ್ಯಾಮೆರಾ ಚೆಂಡಿನ ಹಿಂದೆಯೇ ಓಡುವುದರಿಂದ ಚೆಂಡಿಲ್ಲದಾಗಿನ ಆಟ ಅದರಲ್ಲಿ ಕಾಣುವುದಿಲ್ಲ. ಮೈದಾನಕ್ಕೆ ಹೋಗಲಾದರೆ ಗೋಲ್‌ನ ಹಿಂದೆ ನಿಲ್ಲಿ. ಚೆಂಡು ಕೈಬಿಟ್ಟ ಮರುಕ್ಷಣ ಹುಡುಗ ಹಿಂದಕ್ಕೆ ಓಡುತ್ತಾನೋ, ಸೊಂಟಕ್ಕೆ ಕೈ ಕೊಡುತ್ತಾನೋ ಅಲ್ಲಿಂದ ಸ್ಪಷ್ಟ. ಫಾರ್ವರ್ಡ್ ಆದರೆ ಒಂದು ಲೀಡ್ (ಚೆಂಡು ಪಡೆಯಲು ಬಿಡಿಸಿಕೊಂಡು ಓಡುವುದು) ವ್ಯರ್ಥವಾದ ಮೇಲೆ ಎರಡನೆಯದಕ್ಕೆ ಎಷ್ಟು ಬೇಗ ಹೊರಡುತ್ತಾನೆ ನೋಡಿ. ಮೂರನೆಯ ಕ್ವಾರ್ಟರ್‌ನ ಕೊನೆ ಇದಕ್ಕೆ ಒಳ್ಳೆಯ ಹೊತ್ತು, ದಣಿದಾಗ ಯಾರೂ ನಟಿಸಲಾರರು.

ಕಿಕ್ಕಿಂಗ್ ದೋಷ ಕಂಡೊಡನೆ ಹುಡುಗನನ್ನು ಕೆಳಗಿಳಿಸುವುದು ಅವಸರ. ದೋಷ ಎಲ್ಲಿದೆ ಎಂದು ಮೊದಲು ಹುಡುಕಬೇಕು. ಹೆಚ್ಚಿನ ಸಲ ಅದಿರುವುದು ಕಾಲಿನಲ್ಲಲ್ಲ, ಚೆಂಡು ಕೈಬಿಡುವ ರೀತಿಯಲ್ಲಿ. ಎತ್ತರದಿಂದ ಬಿಟ್ಟ ಚೆಂಡಿಗೆ ಗಾಳಿಯಲ್ಲಿ ತಿರುಗಲು ಹೊತ್ತು ಸಿಗುತ್ತದೆ. ಮೈಗೆ ಅಡ್ಡವಾಗಿ ಬಿಟ್ಟರೆ ಕಾಲು ಅದನ್ನು ಹಿಂಬಾಲಿಸಿ ಅಡ್ಡಕ್ಕೆ ಬೀಸುತ್ತದೆ, ಸೆಟ್ ಶಾಟ್ (ಸಾವಕಾಶವಾಗಿ ಗುರಿಯಿಟ್ಟು ಗೋಲಿಗೆ ಒದೆಯುವುದು) ಪ್ರತಿಸಲ ಒಂದೇ ಕಡೆಗೆ ಜಾರುತ್ತದೆ. ಒಂದೇ ಕಡೆಗೆ ತಪ್ಪುವವನನ್ನು ತಿದ್ದಬಹುದು, ಯಾಕೆಂದರೆ ಅವನ ತಪ್ಪಿಗೂ ಒಂದು ಕ್ರಮವಿದೆ. ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ, ಒಮ್ಮೆ ಮೋಟಾಗಿ ಬೀಳಿಸುವವನ ಕೇಸು ಕಷ್ಟದ್ದು. ಇವೆರಡಕ್ಕಿಂತ ಕಷ್ಟದ್ದು ಆಯ್ಕೆಯ ದೋಷ: ಸುಂದರವಾಗಿ ಒದ್ದು ಸೀದಾ ಎದುರಾಳಿಯ ಎದೆಗೇ ಕೊಡುವುದು.

ಕಂಬೈನ್ ಎಂಬ, ಡ್ರಾಫ್ಟ್‌ಗೆ ಮುಂಚಿನ ದೇಹಸಾಮರ್ಥ್ಯ ಪರೀಕ್ಷೆಗಳ ಫಲಿತಾಂಶ ಬಂದಾಗ ಪಟ್ಟಿಗಳು ತಲೆಕೆಳಗಾಗುತ್ತವೆ, ಆಗಬೇಕಿಲ್ಲ. 20 ಮೀಟರ್ ಓಟದಲ್ಲಿ 2.9 ಸೆಕೆಂಡಿನ ಒಳಗಿದ್ದರೆ ನಿಜವಾದ ವೇಗ, 3.1 ದಾಟಿದರೆ ನಿಧಾನ. ಆದರೆ ಒಳ ಮಿಡ್‌ಫೀಲ್ಡರ್‌ಗೆ ಬೇಕಾದದ್ದು ಮೊದಲ ಐದು ಮೀಟರ್‌ನ ಚುರುಕು, ಸಾಧ್ಯವಾದರೆ ಆ ಸಮಯವನ್ನೇ ಬೇರೆ ನೋಡಿ. ಎರಡು ಕಿಲೋಮೀಟರ್ ಓಟವನ್ನು ಆರು ನಿಮಿಷದೊಳಗೆ ಮುಗಿಸುವವನ ದಮ್ಮು ಮೆಚ್ಚಬೇಕು, ಗಂಟೆಗೆ ಇಪ್ಪತ್ತು ಕಿಲೋಮೀಟರ್ ವೇಗವದು. ಅಜಿಲಿಟಿ ಓಟದಲ್ಲಿ ಕಂಬಗಳು ಎಲ್ಲಿವೆ, ಎತ್ತ ತಿರುಗಬೇಕು ಎಂದು ಮೊದಲೇ ಗೊತ್ತಿರುತ್ತದೆ. ಪಂದ್ಯದಲ್ಲಿ ಎದುರಾಳಿ ಹೇಳಿ ಬರುವುದಿಲ್ಲ. ಹಾಗಾಗಿ ನಾನು ಅದಕ್ಕೆ ಕಡಿಮೆ ಅಂಕ ಕೊಡುತ್ತೇನೆ. ಓಡಿ ನೆಗೆಯುವ ಪರೀಕ್ಷೆಯಲ್ಲಿ ನಿಕ್ ನೈಟನುಯಿ ಅವರ 102 ಸೆಂಟಿಮೀಟರ್ ದಾಖಲೆಯನ್ನು 2021ರಲ್ಲಿ ಲೀಕ್ ಅಲೀರ್ 107ಕ್ಕೆ ಏರಿಸಿದರು, ಆ ವರ್ಷ ಜಿಡಬ್ಲ್ಯೂಎಸ್ ಕ್ಲಬ್‌ಗೆ 15ನೇ ಪಿಕ್ ಆದರು. ನೆಗೆತ ಬಾಗಿಲು ತೆರೆಯುತ್ತದೆ, ಚೆಂಡು ಎಲ್ಲಿ ಬೀಳುತ್ತದೆ ಎಂದು ಊಹಿಸುವುದನ್ನು ಬೇರೆಯೇ ಕಲಿಯಬೇಕು.

ಎತ್ತರದ ಬಗ್ಗೆ ಅಭಿಮಾನಿಗಳಿಗೆ ಎರಡು ರೋಗ. ಕುಳ್ಳರನ್ನು ಬೇಗ ತಳ್ಳಿಹಾಕುವುದು ಒಂದು. 168 ಸೆಂಟಿಮೀಟರ್‌ನ ಕೇಲೆಬ್ ಡೇನಿಯಲ್ 2014ರಲ್ಲಿ 46ನೇ ಪಿಕ್ ಆಗಿ ಎರಡೇ ವರ್ಷದಲ್ಲಿ ಪ್ರೀಮಿಯರ್‌ಷಿಪ್ (ಲೀಗ್ ಕಿರೀಟ) ಗೆದ್ದರು. ಎತ್ತರದವರಿಂದ ಮೊದಲ ವರ್ಷವೇ ಫಲ ಬಯಸುವುದು ಇನ್ನೊಂದು. ಇನ್ನೂರು ಸೆಂಟಿಮೀಟರ್‌ನ ಫಾರ್ವರ್ಡ್ ಅಥವಾ ರಕ್‌ಮನ್ (ಮೇಲೆಸೆದ ಚೆಂಡಿಗೆ ನೆಗೆದು ಸೆಣಸುವವ) ಮೈ ತುಂಬಿಕೊಳ್ಳಲು ಮೂರು ನಾಲ್ಕು ವರ್ಷ ಬೇಕು. ಮ್ಯಾಕ್ಸ್ ಗಾನ್ 2009ರಲ್ಲಿ 34ನೇ ಪಿಕ್. ರಕ್‌ಮನ್‌ಗಳು ಬಹಳ ಸಲ ಹಿಂದಕ್ಕೆ ಜಾರುವುದೂ ಇದಕ್ಕೇ: ಬೇರೆಯವರು ಪಳಗಿಸಿದ ಮೇಲೆ ಟ್ರೇಡ್‌ನಲ್ಲಿ (ಕ್ಲಬ್‌ಗಳ ನಡುವಿನ ವಿನಿಮಯದಲ್ಲಿ) ತರುವುದು ಅಗ್ಗವೆಂದು ಕ್ಲಬ್‌ಗಳ ಎಣಿಕೆ. 'ನಮ್ಮ ತಂಡಕ್ಕೆ ಈಗ ರಕ್‌ಮನ್ ಇಲ್ಲ, ಹಾಗಾಗಿ ಇವನೇ' ಎನ್ನುವ ವಾದದ ಬುಡ ಸಡಿಲ. ಇವನು ತಯಾರಾಗುವ ಹೊತ್ತಿಗೆ ಕೊರತೆ ಬೇರೆ ಕಡೆ ಹೋಗಿರುತ್ತದೆ.

ಕಾರಣ ಹೇಳದೆ ಒಬ್ಬ ಒಳ್ಳೆಯ ಹುಡುಗ ಹದಿನೈದು ಸ್ಥಾನ ಜಾರಿದರೆ ಮೊದಲ ಅನುಮಾನ ವೈದ್ಯಕೀಯ ವರದಿಯ ಮೇಲಿರಲಿ. ಅದು ಕ್ಲಬ್‌ಗಳ ಕೈಯಲ್ಲಿರುತ್ತದೆ, ನಮ್ಮ ಕೈಯಲ್ಲಲ್ಲ. ಹಾಗೆಂದು ಗಾಯವೆಲ್ಲ ಒಂದೇ ಅಲ್ಲ. ಮೊಣಕಾಲಿನ ಎಸಿಎಲ್ ಅಸ್ಥಿರಜ್ಜು ಹರಿದು 2018ರ ಸೀಸನ್ನನ್ನೇ ಕಳೆದುಕೊಂಡ ಮ್ಯಾಕ್ಸ್ ಕಿಂಗ್ ಅವರನ್ನು ಸೇಂಟ್ ಕಿಲ್ಡಾ 4ನೇ ಪಿಕ್‌ನಲ್ಲೇ ತೆಗೆದುಕೊಂಡಿತು. ಒಮ್ಮೆ ಹರಿದ ಎಸಿಎಲ್‌ಗಿಂತ ಮತ್ತೆ ಮತ್ತೆ ಮರಳುವ ಬೆನ್ನುನೋವು ನನ್ನ ಲೆಕ್ಕದಲ್ಲಿ ಹೆಚ್ಚು ಕೆಟ್ಟ ಸುದ್ದಿ.

ಇಷ್ಟಾದ ಮೇಲೆ ಎರಡು ಪಟ್ಟಿ ಬರೆಯಿರಿ. ಯಾರು ಎಷ್ಟು ಒಳ್ಳೆಯವರು ಎನ್ನುವುದು ಒಂದು. ಯಾರು ಎಲ್ಲಿ ಹೋಗುತ್ತಾರೆ ಎನ್ನುವುದು ಬೇರೆ, ಇದನ್ನು ಕೆಡಿಸುವುದು ಬಿಡ್‌ಗಳು. ಒಂದೇ ಕ್ಲಬ್‌ಗೆ ನೂರು ಪಂದ್ಯ ಆಡಿದ ತಂದೆಯ ಮಗ ಆ ಕ್ಲಬ್‌ಗೆ ಫಾದರ್-ಸನ್ ನಿಯಮದಡಿ ಸೇರಬಹುದು, ಕ್ಲಬ್‌ನ ಅಕಾಡೆಮಿಯಲ್ಲಿ ಪಳಗಿದ ಹುಡುಗರಿಗೂ ಇಂಥ ದಾರಿಯಿದೆ. ಬೇರೆ ಕ್ಲಬ್ ಬಿಡ್ ಮಾಡಿದಾಗ, ಅಂದರೆ ತನ್ನ ಪಿಕ್‌ನಲ್ಲಿ ಆ ಹುಡುಗನ ಹೆಸರು ಹೇಳಿದಾಗ, ಅವನ ಕ್ಲಬ್ ತನ್ನ ಪಿಕ್‌ಗಳಿಂದ ಅಷ್ಟು ಬೆಲೆಯ ಪಾಯಿಂಟ್ ತೆತ್ತರಾಯಿತು. 2015ರಲ್ಲಿ ಬಂದ ಕೋಷ್ಟಕದಲ್ಲಿ ಮೊದಲ ಪಿಕ್‌ಗೆ 3000, ಎರಡನೆಯದಕ್ಕೆ 2517, ನಾಲ್ಕನೆಯದಕ್ಕೆ 2034 ಪಾಯಿಂಟ್. 2021ರಲ್ಲಿ ನಿಕ್ ಡೇಕಾಸ್ ಮೇಲೆ ಗೋಲ್ಡ್ ಕೋಸ್ಟ್ ಬಿಡ್ ಮಾಡಿದ್ದು 4ನೇ ಪಿಕ್‌ನಲ್ಲಿ. ಆಗ ಶೇಕಡಾ 20 ರಿಯಾಯಿತಿ ಇತ್ತು, 2034ರಿಂದ 407 ಕಳೆದು ಕಾಲಿಂಗ್‌ವುಡ್ ಹೊಂದಿಸಬೇಕಾದದ್ದು ಸುಮಾರು 1627. ಅದನ್ನು ಹಿಂದಿನ ಸಾಲಿನ ಹಲವು ಪಿಕ್‌ಗಳನ್ನು ಕೂಡಿಸಿ ತೆತ್ತಿತು. 2025ರಿಂದ ರಿಯಾಯಿತಿ ಶೇಕಡಾ 10ಕ್ಕೆ ಇಳಿಯಿತು, ತೀರಾ ಹಿಂದಿನ ಪಿಕ್‌ಗಳ ಬೆಲೆಯೂ ಕುಗ್ಗಿತು. ಚಿಲ್ಲರೆ ಕೂಡಿಸಿ ನೋಟು ಕೊಳ್ಳುವ ಆಟ ಹಿಂದಿನಷ್ಟು ಸುಲಭವಲ್ಲ.

ಬಿಡ್ ಸರಿಗಟ್ಟಿದಾಗಲೆಲ್ಲ ಹಿಂದಿನವರೆಲ್ಲ ಒಂದೊಂದು ಸ್ಥಾನ ಸರಿಯುತ್ತಾರೆ. 2023ರಲ್ಲಿ ಗೋಲ್ಡ್ ಕೋಸ್ಟ್ ಜೆಡ್ ವಾಲ್ಟರ್, ಈಥನ್ ರೀಡ್, ಜೇಕ್ ರೋಜರ್ಸ್, ವಿಲ್ ಗ್ರಹಾಂ ಎಂಬ ನಾಲ್ವರು ಅಕಾಡೆಮಿ ಹುಡುಗರನ್ನು ಮೊದಲ ಸುತ್ತಿನಲ್ಲೇ ಹೀಗೆ ಪಡೆಯಿತು. ಆದ್ದರಿಂದ ನಿಮ್ಮ ಕ್ಲಬ್‌ನ ಪಿಕ್ 12 ಎಂದಿದ್ದರೆ ಹನ್ನೆರಡನೆಯ ಹೆಸರಿಗೆ ಗುರುತು ಹಾಕಿ ಕೂರಬೇಡಿ. ಆ ವರ್ಷದ ಫಾದರ್-ಸನ್, ಅಕಾಡೆಮಿ ಹುಡುಗರನ್ನು ಬೇರೆ ಬಣ್ಣದಲ್ಲಿ ಬರೆದಿಟ್ಟು, ಅವರಲ್ಲಿ ಎಷ್ಟು ಮಂದಿ ನಿಮಗಿಂತ ಮುಂಚೆ ಹೋಗಬಹುದು ಎಂದು ಎಣಿಸಿ. ನಿಮ್ಮ ನಿಜವಾದ ಸರದಿ 14 ಅಥವಾ 15 ಆಗಿರುತ್ತದೆ. 2018ರಿಂದ ಡ್ರಾಫ್ಟ್ ನಡೆಯುತ್ತಿರುವಾಗಲೇ ಪಿಕ್ ಅದಲುಬದಲು ಮಾಡಬಹುದಾದ್ದರಿಂದ ಈ ಎಣಿಕೆ ರಾತ್ರಿಯಿಡೀ ಬದಲಾಗುತ್ತದೆ, ಪೆನ್ಸಿಲ್‌ನಲ್ಲಿ ಬರೆಯಿರಿ.

ಪಟ್ಟಿಯಲ್ಲಿ ಉಳಿದುಹೋದ ಹೆಸರುಗಳನ್ನು ಹೊಡೆದುಹಾಕಬೇಡಿ. ಹೆಚ್ಚುವರಿ ಆಟಗಾರರನ್ನು ಆರಿಸುವ ರೂಕಿ ಡ್ರಾಫ್ಟ್ ಮುಖ್ಯ ಡ್ರಾಫ್ಟ್‌ನ ಬೆನ್ನಿಗೇ ಬರುತ್ತದೆ, ಸೀಸನ್ ನಡುವಿನ ಡ್ರಾಫ್ಟ್ ಮರುವರ್ಷ ಬರುತ್ತದೆ. ರಿಚ್ಮಂಡ್ 2019ರ ನಡು-ಸೀಸನ್ ಡ್ರಾಫ್ಟ್‌ನಲ್ಲಿ ಆರಿಸಿದ ಮಾರ್ಲಿಯನ್ ಪಿಕೆಟ್‌ಗೆ ಆಗ 27 ವರ್ಷ. ಅವರು ಆಡಿದ ಮೊದಲ ಎಎಫ್‌ಎಲ್ ಪಂದ್ಯವೇ ಆ ವರ್ಷದ ಗ್ರ್ಯಾಂಡ್ ಫೈನಲ್.