ಸ್ಪಷ್ಟ ಇಂಗ್ಲಿಷಿನ ಅಭ್ಯಾಸ: ಇಲ್ಲಿಯವರೆಗಿನ ಪ್ರಗತಿ

ಮನೆಯಲ್ಲಿ ತುಳು, ಪೇಟೆಯಲ್ಲಿ ಕನ್ನಡ ಆಡುವ ಮಂಗಳೂರಿನವನ ಧಾಟಿ ನನ್ನ ಇಂಗ್ಲಿಷಿನಲ್ಲಿ ಉಳಿಯಲಿ, ಆದರೆ ಕೇಳುವವರಿಗೆ ಪ್ರತಿ ಪದವೂ ತಿಳಿಯಲಿ ಎಂಬುದು ಈ ಅಭ್ಯಾಸದ ಗುರಿ. ಧಾಟಿ ಬೇರೆ, ಸ್ಪಷ್ಟತೆ ಬೇರೆ ಎಂಬುದನ್ನು ಮನ್ರೋ ಮತ್ತು ಡರ್ವಿಂಗ್ ಎಂಬ ಸಂಶೋಧಕರು 1995ರಲ್ಲೇ ತೋರಿಸಿದ್ದರು. ತೀರಾ ಅನ್ಯವೆನಿಸಿದ ಉಚ್ಚಾರಣೆಯ ಮಾತನ್ನೂ ಕೇಳುಗರು ಅನೇಕ ಬಾರಿ ಸರಿಯಾಗಿಯೇ ಬರೆದುಕೊಂಡಿದ್ದರು. ನನ್ನ ಪರೀಕ್ಷೆಯೂ ಅದೇ ಬಗೆಯದು. ಧ್ವನಿಮುದ್ರಿಸಿದ ವಾಕ್ಯಗಳನ್ನು ಕೆನಡಾದಲ್ಲಿರುವ ಅಕ್ಕನ ಮಗಳಿಗೆ ಕಳುಹಿಸುತ್ತೇನೆ, ಅವಳ ನೆರೆಮನೆಯ ಹಿರಿಯರು ತಮಗೆ ಕೇಳಿಸಿದ್ದನ್ನು ಬರೆದುಕೊಡುತ್ತಾರೆ.

ಹೆಚ್ಚು ಪ್ರಯೋಜನವಾದದ್ದು ಪದದ ಮೊದಲಿನ ಪ, ಟ, ಕ ಧ್ವನಿಗಳಲ್ಲಿ. ಒತ್ತುಳ್ಳ, ಅಂದರೆ ಹೆಚ್ಚು ಬಲಕೊಟ್ಟು ನುಡಿಯುವ, ಅಕ್ಷರದ (ಸಿಲಬಲ್) ಆರಂಭದಲ್ಲಿ ಇವು ಬಂದಾಗ ಇಂಗ್ಲಿಷ್ ಮನೆಮಾತಿನವರು ಜೊತೆಗೆ ಉಸಿರನ್ನೂ ಹೊರಹಾಕುತ್ತಾರೆ. ನಮ್ಮ ಅಲ್ಪಪ್ರಾಣದ ‘ಪಿನ್’ ಅವರ ಕಿವಿಗೆ ‘ಬಿನ್’ ಆಗಬಹುದು. ಕರಾವಳಿಯವರಿಗೆ ಇದರ ಗುರುಗಳು ಹತ್ತಿರದಲ್ಲೇ ಇದ್ದಾರೆ. ತಾಳಮದ್ದಳೆಯ ಒಳ್ಳೆಯ ಅರ್ಥಧಾರಿ ‘ಖಡ್ಗ’, ‘ಫಲ’ ಎನ್ನುವಾಗ ಮಹಾಪ್ರಾಣ ಹೇಗೆ ಹೊಮ್ಮುತ್ತದೆಂದು ಗಮನಿಸಿ, ಅದೇ ಉಸಿರನ್ನು ‘ಕೀ’, ‘ಪಾರ್ಕ್’ ಪದಗಳಿಗೆ ಕೊಡುತ್ತಾ ಬಂದೆ. ಬಾಯಿಯ ಮುಂದೆ ಹಿಡಿದ ಅಂಗೈಗೆ ಗಾಳಿ ತಾಗಬೇಕು. ಸಕಾರದ ನಂತರ ಮಾತ್ರ ತಾಗಬಾರದು, ಏಕೆಂದರೆ ‘ಸ್ಪಿನ್’, ‘ಸ್ಕೂಲ್’ ಪದಗಳಲ್ಲಿ ಅವರದೂ ಅಲ್ಪಪ್ರಾಣವೇ. ಇತ್ತೀಚೆಗೆ ಬಂದ ಬರಹಗಳಲ್ಲಿ ಪ–ಬ ಗೊಂದಲ ಕಾಣಿಸಿಲ್ಲ.

ಪದದ ಕೊನೆಯ ಗ, ಕ ಧ್ವನಿಗಳು ಬೇರೆಬೇರೆಯಾಗಿ ಕೇಳಿಸಲೆಂದು ‘ಬ್ಯಾಗ್’ ಪದದ ಸ್ವರವನ್ನು ‘ಬ್ಯಾಕ್’ ಪದದ ಸ್ವರಕ್ಕಿಂತ ಎಳೆಯುವುದೂ ರೂಢಿಯಾಗಿದೆ.

ಕಷ್ಟವಿರುವುದು ಒತ್ತಿನಲ್ಲಿ. ಕನ್ನಡದಲ್ಲಿ ಹ್ರಸ್ವವಾಗಲಿ ದೀರ್ಘವಾಗಲಿ, ಪ್ರತಿ ಸ್ವರವನ್ನೂ ಪೂರ್ಣವಾಗಿ ಉಚ್ಚರಿಸುತ್ತೇವೆ. ಇಂಗ್ಲಿಷಿನಲ್ಲಿ ಒತ್ತಿಲ್ಲದ ಸ್ವರ ಕುಗ್ಗಿ ಗುರುತೇ ಸಿಗದಂತಾಗುತ್ತದೆ. ‘ಫೋಟೋಗ್ರಾಫ್’ ಪದದ ಒತ್ತು ಮೊದಲ ಅಕ್ಷರದ ಮೇಲಿದ್ದರೆ, ‘ಫೋಟೋಗ್ರಫಿ’ ಪದದಲ್ಲಿ ಎರಡನೆಯದಕ್ಕೆ ಸರಿಯುತ್ತದೆ. ‘ಹೋಟೆಲ್’, ‘ಡೆವಲಪ್’ ಪದಗಳಲ್ಲೂ ಎರಡನೆಯದೇ. ಭಿನ್ನ ಮಾತೃಭಾಷೆಯವರು ಪರಸ್ಪರ ಇಂಗ್ಲಿಷ್ ಆಡುವಾಗ ಯಾವುದು ಅಗತ್ಯ ಎಂದು 2000ದಲ್ಲಿ ವಿವರಿಸಿದ ಜೆನಿಫರ್ ಜೆಂಕಿನ್ಸ್, ಪದದೊಳಗಿನ ಒತ್ತನ್ನು ಕಡ್ಡಾಯವೆಂದಿಲ್ಲ, ವಾಕ್ಯದ ಮುಖ್ಯ ಪದದ ಮೇಲಿನ ಒತ್ತನ್ನು ಮಾತ್ರ ಅಗತ್ಯವೆಂದಿದ್ದಾರೆ. ನನ್ನ ಕೇಳುಗರು ಇಂಗ್ಲಿಷ್ ಮನೆಮಾತಿನವರಾದ್ದರಿಂದ ನಾನು ಎರಡನ್ನೂ ಬಿಡಲಾರೆ. ಅವರ ಬರಹದಲ್ಲಿ ಖಾಲಿ ಉಳಿಯುವ ಜಾಗಗಳು ಬಹುಪಾಲು ಒತ್ತು ತಪ್ಪಿದ ಉದ್ದ ಪದಗಳವೇ.

ಓದುವಾಗ ಒತ್ತು ಈಗ ನಿಲ್ಲುತ್ತಿದೆ, ಸರಾಗವಾಗಿ ಮಾತನಾಡುವಾಗ ಜಾರುತ್ತಿದೆ. ಆದ್ದರಿಂದ ಮುಂದಿನ ಧ್ವನಿಮುದ್ರಣಕ್ಕೆ ಬರೆದಿಟ್ಟ ವಾಕ್ಯಗಳನ್ನು ಕೈಬಿಟ್ಟು, ಕದ್ರಿಯಿಂದ ಹಂಪನಕಟ್ಟೆಗೆ ಹೋಗುವ ದಾರಿಯನ್ನು ನೋಡದೆ ವಿವರಿಸಲಿದ್ದೇನೆ.