ಕೈಲ್ ಮುಹೂರ್ತದ ಮೈದಾನದಲ್ಲಿ ತ್ರೀ ನಾಟ್ ತ್ರೀ ಮಾತು

ಕೊಡಗಿನ ಆಯುಧಪೂಜೆಯ ಹಬ್ಬವಾದ ಕೈಲ್ ಮುಹೂರ್ತದ ಮಧ್ಯಾಹ್ನ. ಊರ ಮೈದಾನದಲ್ಲಿ ಮರದ ಕೊಂಬೆಗೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ನಡೆದಿತ್ತು. ಬೆಳಿಗ್ಗೆ ಮನೆಯ ನಡುಕೋಣೆಯಾದ ನೆಲ್ಲಕ್ಕಿ ನಡುಬಾಡೆಯಲ್ಲಿ ತೋಕ್‌ಪೂ (ಕೋವಿ ಹೂ) ಸಿಕ್ಕಿಸಿ ಪೂಜೆ ಮಾಡಿದ ಕೋವಿಗಳೇ ಈಗ ಹುಡುಗರ ಹೆಗಲೇರಿದ್ದವು. 12 ಬೋರ್, ಒಂಟಿ ಗುಂಡಿನ ತೋಟಾ, ದೂರ ಸುಮಾರು 30 ಮೀಟರ್. ಮೊದಲ ಹತ್ತು ಜನ ಹೊಡೆದದ್ದರಲ್ಲಿ ಏಳೆಂಟು ಗುಂಡು ಕಾಯಿಯ ಮೇಲಿಂದ ಹಾದು ಎಲೆ ಉದುರಿಸಿದವು. ಮೈದಾನದ ಅಂಚಿನ ಕಲ್ಲುಕಟ್ಟೆಯಲ್ಲಿ ನಾವು ಆರು ಜನ ಮಾಜಿ ಸೈನಿಕರು ಕೂತಿದ್ದೆವು. ಒಂದೊಂದು ಗುಂಡಿಗೂ ಎಲ್ಲರ ಬಾಯಲ್ಲೂ ಒಂದೇ ಮಾತು: "ಕೆನ್ನೆ ಎತ್ತಿದ."

12 ಬೋರ್ ಕೋವಿಗೆ ನಳಿಕೆಯ ತುದಿಯಲ್ಲಿ ಒಂದು ಮಣಿ ಇರುತ್ತದೆ, ಅಷ್ಟೇ. ಗುರಿ ನೋಡುವ ಹಿಂದಿನ ಗುರುತು, ಅಂದರೆ ಹಿಂದಿನ ಸೈಟ್ ಇಲ್ಲ. ಹೊಡೆಯುವವನ ಕಣ್ಣೇ ಹಿಂದಿನ ಸೈಟ್, ಆ ಕಣ್ಣನ್ನು ಒಂದೇ ಜಾಗದಲ್ಲಿ ನಿಲ್ಲಿಸುವುದು ಕುಂದಕ್ಕೆ (ಕೋವಿಯ ಮರದ ಭಾಗ) ಒತ್ತಿದ ಕೆನ್ನೆ. ಕಣ್ಣಿನಿಂದ ಮಣಿಗೆ ಹೆಚ್ಚುಕಡಿಮೆ 90 ಸೆಂಟಿಮೀಟರ್ ಎಂದಿಟ್ಟುಕೊಳ್ಳಿ. ಕೆನ್ನೆ ಒಂದೇ ಒಂದು ಸೆಂಟಿಮೀಟರ್ ಮೇಲೆದ್ದರೆ 30 ಮೀಟರ್ ದೂರದಲ್ಲಿ ಗುಂಡು 33 ಸೆಂಟಿಮೀಟರ್ ಮೇಲೆ ಹೋಗುತ್ತದೆ. ಸುಲಿದ ತೆಂಗಿನಕಾಯಿ ಒಂದು ಗೇಣೂ ಇರುವುದಿಲ್ಲ. ಕಾಯಿ ಎತ್ತರದಲ್ಲಿದ್ದಾಗ ಕತ್ತು ಹಿಂದಕ್ಕೆ ವಾಲುತ್ತದೆ, ಕುಂದದ ಹಿಂಭಾಗ ಹೆಗಲ ಗುಳಿಯಿಂದ ಜಾರುತ್ತದೆ, ಕಾಯಿ ಮುರಿಯಿತೇ ನೋಡುವ ಆತುರಕ್ಕೆ ತಲೆಯೂ ಏಳುತ್ತದೆ. ಮೇಲ್ಮುಖವಾಗಿ ಹೊಡೆದರೆ ಗುಂಡು ಎತ್ತರಕ್ಕೆ ಹೋಗುತ್ತದೆ ಎಂದು ಒಬ್ಬ ಹುಡುಗ ಸಮಾಧಾನ ಹೇಳಿಕೊಂಡ. ಅದು ನೂರಾರು ಮೀಟರ್ ದೂರಕ್ಕೆ ಬರುವ ಲೆಕ್ಕ, 30 ಮೀಟರಿಗೆ ಅದರ ಪರಿಣಾಮ ಕಣ್ಣಿಗೇ ಕಾಣದು.

ಅಲ್ಲಿಂದ ಮಾತು ರೈಫಲ್‌ಗೆ ತಿರುಗಿತು.

ಫೌಜಿನಲ್ಲಿ ಗುರಿ ಹಿಡಿಯುವುದಕ್ಕೆ 'ಶಿಸ್ತ್ ಲೇನಾ' ಎನ್ನುತ್ತಾರೆ. ನಮ್ಮ ಶಿಸ್ತು ಬೇರೆ, ಆ ಶಿಸ್ತ್ ಬೇರೆ, ಆದರೆ ಕನ್ನಡದ ರಂಗ್ರೂಟ್ (ಹೊಸದಾಗಿ ಭರ್ತಿಯಾದ) ಹುಡುಗರಿಗೆ ಎರಡೂ ಒಂದಾಗಿಯೇ ತಲೆಯಲ್ಲಿ ಕೂರುತ್ತಿದ್ದವು. ಮಜಬೂತ್ ಪಕಡ್, ದುರುಸ್ತ್ ಶಿಸ್ತ್, ಸಹಿ ಟ್ರಿಗರ್ ಆಪರೇಷನ್, ಅಂದರೆ ಗಟ್ಟಿ ಹಿಡಿತ, ಸರಿಯಾದ ಗುರಿ, ಸರಿಯಾಗಿ ಟ್ರಿಗರ್ ಒತ್ತುವುದು. ಇಡೀ ಗುರಿಗಾರಿಕೆ ಈ ಮೂರರಲ್ಲೇ ಇದೆ. ಶಿಸ್ತ್ ಎಂದರೆ ಹಿಂದಿನ ಸೈಟಿನ ನಡುವೆ ಮುಂದಿನ ಸೈಟಿನ ತುದಿ, ಅದರ ಮೇಲೆ ಟಾರ್ಗೆಟ್. ಕಣ್ಣು ಒಮ್ಮೆಗೆ ಒಂದೇ ದೂರವನ್ನು ಸ್ಪಷ್ಟವಾಗಿ ನೋಡಬಲ್ಲದು, ಆ ಸ್ಪಷ್ಟತೆ ಮುಂದಿನ ಸೈಟಿಗೇ ಸಲ್ಲಬೇಕು. ಟಾರ್ಗೆಟ್ ತುಸು ಮಸುಕಾದರೂ ನಷ್ಟವಿಲ್ಲ. ಎಸ್‌ಎಲ್‌ಆರ್‌ನಲ್ಲಿ (ಗುಂಡು ತಾನೇ ಮರುತುಂಬುವ ಸೇನೆಯ ರೈಫಲ್) ಎರಡು ಸೈಟುಗಳ ನಡುವಿನ ಅಂತರ ಸುಮಾರು 55 ಸೆಂಟಿಮೀಟರ್. ಮುಂದಿನ ಸೈಟ್ ನಡುವಿನಿಂದ ಒಂದು ಮಿಲಿಮೀಟರ್ ಸರಿದರೆ 100 ಮೀಟರಿನಲ್ಲಿ 18 ಸೆಂಟಿಮೀಟರ್ ತಪ್ಪು, 300 ಮೀಟರಿನಲ್ಲಿ ಅರ್ಧ ಮೀಟರಿಗೂ ಹೆಚ್ಚು. ಸೈಟುಗಳು ನೇರವಿದ್ದು ಕೈ ಅಲುಗಿ ಇಡೀ ರೈಫಲ್ ಒಂದು ಮಿಲಿಮೀಟರ್ ಪಕ್ಕಕ್ಕೆ ಸರಿದರೆ ಗುಂಡೂ ಒಂದೇ ಮಿಲಿಮೀಟರ್ ಸರಿಯುತ್ತದೆ. ನಡುಗುವ ಕೈಗೆ ಹೆದರಬೇಡ, ಓರೆಯಾದ ಸೈಟಿಗೆ ಹೆದರು ಎಂದು ತರಬೇತಿ ಕೊಡುವ ಉಸ್ತಾದರು ಹೇಳುತ್ತಿದ್ದದ್ದು ಇದಕ್ಕೇ.

ನಮ್ಮಲ್ಲಿ ಹಿರಿಯರಾದ ಸುಬೇದಾರ್ ಸಾಬ್ ಹಳೆಯ .303 ರೈಫಲ್, ಅಂದರೆ ತ್ರೀ ನಾಟ್ ತ್ರೀಯಲ್ಲೇ ತರಬೇತಿ ಮುಗಿಸಿದವರು. ಆ ರೈಫಲ್‌ನ ಮ್ಯಾಗಝಿನ್ ಹತ್ತು ಗುಂಡಿನದು, ಐದೈದರ ಎರಡು ಕ್ಲಿಪ್‌ಗಳಿಂದ ತುಂಬಬೇಕು. ಕಾಡತೂಸಿನ (ಗುಂಡಿನ ಹಿತ್ತಾಳೆ ಕವಚ) ಬುಡದಲ್ಲಿ ಹೊರಚಾಚಿದ ಅಂಚು ಇರುವುದರಿಂದ ಮೇಲಿನ ಗುಂಡಿನ ಅಂಚು ಕೆಳಗಿನದರ ಅಂಚಿಗಿಂತ ಮುಂದೆ ಕೂರಬೇಕು. ಹಿಂದೆ ಸಿಕ್ಕಿದರೆ, ಗುಂಡನ್ನು ನಳಿಕೆಗೆ ಸೇರಿಸುವ ಬೋಲ್ಟ್ ತಳ್ಳಿದಾಗ ಮೇಲಿನದು ಕೆಳಗಿನದನ್ನೂ ಎಳೆದುಕೊಂಡು ನಡುವೆ ಜಾಮ್ ಆಗುತ್ತದೆ. ಕ್ಲಿಪ್‌ನೊಳಗೆ ಗುಂಡುಗಳನ್ನು ಒಂದು ಕೆಳಗೆ ಒಂದು ಮೇಲೆ ಎಂದು ಜೋಡಿಸುವುದು ಇದೇ ಕಾರಣಕ್ಕೆ. ಬಿಡಿ ಗುಂಡುಗಳನ್ನು ಅವಸರದಲ್ಲಿ ಒಂದೊಂದಾಗಿ ತುರುಕಿದವರ ರೈಫಲ್ ರ‍್ಯಾಪಿಡ್ ಫೈರ್ ಹೊತ್ತಿಗೇ ಸಿಕ್ಕಿಕೊಳ್ಳುತ್ತಿತ್ತು.

"ಬೋಲ್ಟ್ ನಂಬರ್ ಮರೀಬೇಡಿ ಸಾಬ್" ಎಂದರು ಪಕ್ಕದಲ್ಲಿದ್ದ, ಸೇನೆಯ ಇಎಂಇ ವಿಭಾಗದಲ್ಲಿ ಆಯುಧ ರಿಪೇರಿ ಮಾಡುತ್ತಿದ್ದ ಆರ್ಮರರ್. ಬೋಲ್ಟ್ ಹಿಡಿಕೆಯ ಬುಡದಲ್ಲೂ ಬಾಡಿಯ ಮೇಲೂ ಒಂದೇ ನಂಬರ್ ಕೊರೆದಿರುತ್ತದೆ. ಹತ್ತು ರೈಫಲ್ ಬಿಚ್ಚಿ ಒಂದೇ ಕಂಬಳಿಯ ಮೇಲೆ ಹರವಿ ಒರೆಸುವಾಗ ಬೋಲ್ಟ್‌ಗಳು ಅದಲುಬದಲಾಗುತ್ತಿದ್ದವು. ಹಾಕಿದರೆ ಕೂರುತ್ತವೆ, ಮೇಲ್ನೋಟಕ್ಕೆ ಏನೂ ತಿಳಿಯದು. ಆದರೆ ಬೋಲ್ಟ್‌ನ ಮುಖಕ್ಕೂ ಕಾಡತೂಸಿನ ಬುಡಕ್ಕೂ ಇರಬೇಕಾದ ಅಂತರ ಆ ರೈಫಲ್‌ಗೆಂದೇ ಹೊಂದಿಸಿದ್ದು. ಅದು ಹೆಚ್ಚಾದರೆ ಕಾಡತೂಸು ಬುಡದ ಹತ್ತಿರ ಹರಿಯಬಹುದು. ಆಯುಧಗಳ ಕೋಣೆಯಾದ ಕೋತ್‌ನಿಂದ ರೈಫಲ್ ಪಡೆದಾಗ ಮೊದಲು ನೋಡಬೇಕಾದದ್ದು ನಳಿಕೆಯ ಹೊಳಪನ್ನಲ್ಲ, ಆ ಎರಡು ನಂಬರುಗಳನ್ನು.

ತ್ರೀ ನಾಟ್ ತ್ರೀ ಮಳೆಗೆ ಮುನಿಯುತ್ತದೆ ಎಂಬುದನ್ನು ನಮ್ಮ ಮಲೆನಾಡಿನವರು ಬೇಗ ಒಪ್ಪುತ್ತಾರೆ. ನಳಿಕೆಯ ಉದ್ದಕ್ಕೂ ಮರದ ಕುಂದವಿದೆ. ಮರ ನೀರು ಕುಡಿದು ಊದಿದರೆ ನಳಿಕೆಯ ಮೇಲೆ ಒತ್ತಡ ಬದಲಾಗುತ್ತದೆ, ನಿನ್ನೆ ಮಾಡಿದ ಝೀರೋ (ಗುಂಡು ಗುರಿಗೇ ಬೀಳುವಂತೆ ಸೈಟ್ ಹೊಂದಿಸಿದ್ದು) ಇಂದು ಇರುವುದಿಲ್ಲ. ಕಾಡತೂಸು ಕೂರುವ ಚೇಂಬರಿನೊಳಗೆ ನೀರೋ ಎಣ್ಣೆಯೋ ಸೇರಿದರೆ ಇನ್ನೊಂದು ತೊಂದರೆ. ಒಣ ಚೇಂಬರಿನಲ್ಲಿ ಹಿತ್ತಾಳೆಯ ಕಾಡತೂಸು ಹಿಗ್ಗಿ ಗೋಡೆಗೆ ಅಂಟಿಕೊಂಡು ಹಿಂದಕ್ಕೆ ಬರುವ ಒತ್ತಡವನ್ನು ಸ್ವಲ್ಪ ತಡೆಯುತ್ತದೆ. ಒದ್ದೆಯಾದರೆ ಜಾರಿ ಪೂರ್ತಿ ಹೊಡೆತ ಬೋಲ್ಟ್ ಮೇಲೆಯೇ ಬೀಳುತ್ತದೆ. ಈ ರೈಫಲ್‌ನ ಬೋಲ್ಟ್ ಲಾಕ್ ಆಗುವುದು ಹಿಂಭಾಗದಲ್ಲಿ, ಹಾಗಾಗಿ ಹೊಡೆತಕ್ಕೆ ಬಾಡಿ ಬಳುಕಿ ಗುಂಡು ಎತ್ತರಕ್ಕೆ ಬೀಳುತ್ತದೆ. ಫೈರಿಂಗ್‌ಗೆ ಮುಂಚೆ ಒಣ ಚಿಂದಿ ಎಳೆದು ನಳಿಕೆ, ಚೇಂಬರ್ ಎರಡನ್ನೂ ಒಣಗಿಸುವ ರೂಢಿ ಬಂದದ್ದು ಹೀಗೆ.

ಚಿಂದಿಯ ಮಾತಿಗೆ ಆರೂ ಜನರ ಕೈಬೆರಳು ತಾವಾಗಿಯೇ ಅಳತೆ ತೋರಿಸಿದವು. ಒಣ ಚಿಂದಿ ನಾಲ್ಕಿಂಚು ಉದ್ದ ಎರಡಿಂಚು ಅಗಲ, ಎಣ್ಣೆ ಚಿಂದಿ ನಾಲ್ಕಿಂಚು ಉದ್ದ ಒಂದೂವರೆ ಇಂಚು ಅಗಲ. ಎಣ್ಣೆಯದ್ದು ಕಿರಿದಾಗಿರಬೇಕು. ಬಿಗಿಯಾಗಿದ್ದರೆ ಚೇಂಬರಿನ ಬಾಯಲ್ಲೇ ಎಣ್ಣೆಯೆಲ್ಲ ಹಿಂಡಿಹೋಗಿ ಮುಂದಿನ ಭಾಗ ಬರಿದಾಗಿ ಉಳಿಯುತ್ತದೆ. ಚಿಂದಿ ಕಟ್ಟಿ ಎಳೆಯುವ ಹಗ್ಗವಾದ ಫುಲ್‌ಥ್ರೂನ ತೂಕದ ತುದಿಯನ್ನು ಹಿಂದಿನಿಂದ ನಳಿಕೆಗೆ ಇಳಿಬಿಟ್ಟು, ಒಬ್ಬ ರೈಫಲ್ ಹಿಡಿದು, ಇನ್ನೊಬ್ಬ ಒಂದೇ ಉಸಿರಿಗೆ ನೇರವಾಗಿ ಎಳೆಯಬೇಕು. ಓರೆಯಾಗಿ ಎಳೆದರೆ ಹಗ್ಗ ನಳಿಕೆಯ ಬಾಯನ್ನು ಒಂದೇ ಕಡೆ ಉಜ್ಜುತ್ತದೆ. ವರ್ಷಗಟ್ಟಲೆ ಹೀಗೆ ಉಜ್ಜಿದ ರೈಫಲ್‌ಗಳ ಬಾಯಲ್ಲಿ ಒಂದು ಸಣ್ಣ ಕಾಲುವೆಯೇ ಬಿದ್ದಿರುತ್ತದೆ. ಗುಂಡು ಹೊರಬೀಳುವ ಕೊನೆಯ ಗಳಿಗೆಯಲ್ಲಿ ಆ ಕಡೆಯಿಂದ ಗ್ಯಾಸ್ ಮೊದಲು ನುಗ್ಗಿ ಗುಂಡನ್ನು ಓಲಾಡಿಸುತ್ತದೆ. ಯಾವ ನಿಶಾನೆಬಾಜನಿಗೂ ಆ ರೈಫಲ್ ಆಮೇಲೆ ಒಳ್ಳೆಯ ಗ್ರೂಪ್ (ಗುಂಡುಗಳು ಒಂದೇ ಕಡೆ ಒತ್ತಾಗಿ ಬೀಳುವುದು) ಕೊಡುವುದಿಲ್ಲ.

ಹಳೆಯ .303 ಗುಂಡಿನ ಬುಡದಲ್ಲಿ ಕಿಡಿ ಹೊತ್ತಿಸುವ ಕ್ಯಾಪ್‌ನಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇರುತ್ತಿತ್ತು. ಅದು ಉರಿದು ಉಳಿಯುವುದು ಒಂದು ಬಗೆಯ ಉಪ್ಪು. ಉಪ್ಪು ಗಾಳಿಯ ತೇವ ಎಳೆದುಕೊಂಡು ರಾತ್ರಿ ಬೆಳಗಾಗುವುದರೊಳಗೆ ತುಕ್ಕು ಹಿಡಿಸುತ್ತದೆ. ಎಣ್ಣೆ ಎಷ್ಟು ಹಚ್ಚಿದರೂ ಉಪ್ಪು ಕರಗದು, ಅದಕ್ಕೆ ನೀರೇ ಬೇಕು. ಆದ್ದರಿಂದ ರೇಂಜ್‌ನಿಂದ ಬಂದ ಕೂಡಲೇ ಆಲಿಕೆ ಇಟ್ಟು ಚೇಂಬರ್ ಕಡೆಯಿಂದ ಕುದಿಯುವ ನೀರು ಸುರಿಯುತ್ತಿದ್ದರು. ಬಿಸಿನೀರು ಉಪ್ಪು ತೊಳೆಯುತ್ತದೆ, ಕಾದ ಉಕ್ಕು ತಾನೇ ಒಣಗುತ್ತದೆ. ಬರೀ ಬೆಚ್ಚಗಿನ ನೀರು ಸುರಿದರೆ ತೇವ ಉಳಿದು ಕೆಲಸ ಕೆಡುತ್ತದೆ.

1962ರ ಚೀನಾ ಯುದ್ಧದಲ್ಲಿ ನಮ್ಮ ಜವಾನರ ಕೈಯಲ್ಲಿದ್ದದ್ದು ಬೋಲ್ಟ್ ಎಳೆದು ಹೊಡೆಯುವ ಈ ರೈಫಲ್. ಅದರ ನಂತರದ ವರ್ಷಗಳಲ್ಲಿ ಈಶಾಪುರದ ಕಾರ್ಖಾನೆಯ 7.62 ಎಸ್‌ಎಲ್‌ಆರ್ ಪಲ್ಟನ್ನುಗಳಿಗೆ ಬಂತು. ಇಪ್ಪತ್ತು ಗುಂಡಿನ ಮ್ಯಾಗಝಿನ್, ಗ್ಯಾಸ್ ಬಲದಿಂದ ತಾನೇ ಮರುತುಂಬುವ ಯಂತ್ರ. ಇದರ ಜೀವ ಗ್ಯಾಸ್ ಭಾಗದಲ್ಲಿದೆ. ಗ್ಯಾಸ್ ಪ್ಲಗ್ ಅನ್ನು ತಿರುಗಿಸಿ, ಗ್ರೆನೇಡ್ ಹಾರಿಸಲೆಂದು ಇರುವ ಗುರುತಿಗೆ ಕೂರಿಸಿದರೆ ಪಿಸ್ಟನ್‌ಗೆ ಗ್ಯಾಸ್ ಹೋಗುವುದೇ ಇಲ್ಲ. ಮೊದಲ ಗುಂಡು ಹಾರುತ್ತದೆ, ಎರಡನೆಯದು ಬರುವುದಿಲ್ಲ. ಹೊಸಬರು ಮ್ಯಾಗಝಿನ್ ಮೇಲೆ ಸಂಶಯಪಟ್ಟು ಬಡಿಯುತ್ತಿರುತ್ತಾರೆ. ಗ್ಯಾಸಿನ ಪ್ರಮಾಣ ಹೊಂದಿಸುವ ರೆಗ್ಯುಲೇಟರ್ ಹೆಚ್ಚು ತೆರೆದಿದ್ದರೆ ಗ್ಯಾಸ್ ಹೊರಗೆ ಪೋಲಾಗಿ ಖೋಕಾ (ಖಾಲಿ ಕಾಡತೂಸು) ಪೂರ್ತಿ ಹೊರಬೀಳದೆ ಸಿಕ್ಕಿಕೊಳ್ಳುತ್ತದೆ. ತೀರಾ ಮುಚ್ಚಿದರೆ ಒದೆತ ಜಾಸ್ತಿ, ಭಾಗಗಳಿಗೂ ಪೆಟ್ಟು. ಪಿಸ್ಟನ್ ಮತ್ತು ಗ್ಯಾಸ್ ಸಿಲಿಂಡರಿಗೆ ಎಣ್ಣೆ ಹಾಕಬಾರದು, ಮಸಿಯ ಜೊತೆ ಕಲೆತು ಗಟ್ಟಿಯಾಗುತ್ತದೆ. ಮ್ಯಾಗಝಿನ್ ಅನ್ನು ನೇರವಾಗಿ ಮೇಲಕ್ಕೆ ತಳ್ಳುವುದಲ್ಲ. ಮುಂದಿನ ಮೂಗನ್ನು ಮೊದಲು ಸಿಕ್ಕಿಸಿ ಹಿಂದಕ್ಕೆ ಮಡಚಿ ಟಕ್ ಎನ್ನಿಸಬೇಕು.

ಝೀರೋ ಮಾಡುವ ವಿಷಯಕ್ಕೆ ಕಟ್ಟೆಯ ಮೇಲೆ ಚರ್ಚೆ ಜೋರಾಯಿತು. 100 ಗಜದಲ್ಲಿ ಒಂದೇ ಜಾಗಕ್ಕೆ ಶಿಸ್ತ್ ಹಿಡಿದು ಐದು ಗುಂಡು. ನಾಲ್ಕಿಂಚಿನೊಳಗೆ ಗ್ರೂಪ್ ಬಂದರೆ ಮಾತ್ರ ಸೈಟ್ ಮುಟ್ಟುವ ಅರ್ಹತೆ. ಗ್ರೂಪ್ ಚದುರಿದ್ದರೆ ದೋಷ ಸೈಟಿನದ್ದಲ್ಲ, ಮನುಷ್ಯನದ್ದು. ಗುಂಡು ಎತ್ತರಕ್ಕೆ ಬೀಳುತ್ತಿದ್ದರೆ ಮುಂದಿನ ಸೈಟನ್ನು ಎತ್ತರಿಸಬೇಕು. ಹೊಸಬರು ಇಲ್ಲಿ ತಪ್ಪದೆ ಎಡವುತ್ತಾರೆ, ತಗ್ಗಿಸಿಬಿಡುತ್ತಾರೆ. ಸೈಟ್ ಎತ್ತರವಾದರೆ ಅದನ್ನು ಹಿಂದಿನ ಸೈಟಿನ ನಡುವೆ ತರಲು ನಳಿಕೆಯ ಬಾಯಿ ಕೆಳಗಿಳಿಯಲೇಬೇಕು, ಗುಂಡೂ ಇಳಿಯುತ್ತದೆ. ಗುಂಡು ಬಲಕ್ಕೆ ಹೋದರೆ ಮುಂದಿನ ಸೈಟನ್ನೂ ಬಲಕ್ಕೇ ಸರಿಸಬೇಕು. ತಪ್ಪು ಹೋದ ಕಡೆಗೇ ಮುಂದಿನ ಸೈಟ್, ಇದಿಷ್ಟು ನೆನಪಿಟ್ಟರೆ ಸಾಕು.

ಗ್ರೂಪ್‌ನ ಆಕಾರವೇ ಉಸ್ತಾದರಿಗೆ ಪತ್ರವಿದ್ದಂತೆ. ಮೇಲೆ ಕೆಳಗೆ ಸಾಲಾಗಿದ್ದರೆ ಉಸಿರು ಹಿಡಿಯಲಿಲ್ಲ. ಅಡ್ಡಸಾಲಾಗಿದ್ದರೆ ಟ್ರಿಗರ್ ಪಕ್ಕಕ್ಕೆ ಎಳೆದ, ಇಲ್ಲವೇ ರೈಫಲ್ ವಾಲಿಸಿದ. ಉಸಿರು ಅರ್ಧ ಬಿಟ್ಟು ನಿಲ್ಲಿಸಿ ಎಂಟು ಹತ್ತು ಸೆಕೆಂಡಿನೊಳಗೆ ಗುಂಡು ಹೋಗಬೇಕು, ಆಗದಿದ್ದರೆ ಬೆರಳು ತೆಗೆದು ಮತ್ತೆ ಉಸಿರಾಡಬೇಕು. ಮೊಂಡಾಟಕ್ಕೆ ಹಿಡಿದು ನಿಂತರೆ ಕಣ್ಣು ಮಂಜಾಗುತ್ತದೆ. ಮಲಗಿ ಪೊಸಿಷನ್ ಹಿಡಿದ ಮೇಲೆ ಕಣ್ಣು ಮುಚ್ಚಿ ಎರಡು ಉಸಿರು ಎಳೆದು ತೆರೆದು ನೋಡಿದಾಗ ಸೈಟ್ ಟಾರ್ಗೆಟ್‌ನಿಂದ ಸರಿದಿದ್ದರೆ ಕೈಯಿಂದ ತಳ್ಳಿ ತರಬಾರದು, ಎಡ ಮೊಣಕೈಯನ್ನು ಕೀಲು ಮಾಡಿಕೊಂಡು ಇಡೀ ಮೈಯನ್ನು ತಿರುಗಿಸಬೇಕು. ತೋಳಿನ ಬಲದಿಂದ ತಂದ ಶಿಸ್ತ್ ಟ್ರಿಗರ್ ಒತ್ತುವ ಗಳಿಗೆಯಲ್ಲಿ ಮೊದಲ ಜಾಗಕ್ಕೇ ಮರಳುತ್ತದೆ.

ಎಲ್ಲಕ್ಕಿಂತ ಹಠಮಾರಿ ರೋಗ ಬೆಚ್ಚುವುದು. ಒದೆತ ಬರುತ್ತದೆಂದು ಮೈ ಮೊದಲೇ ಬಿಗಿದು ಹೆಗಲು ಮುಂದೆ ನುಗ್ಗುತ್ತದೆ, ಗುಂಡು ಕೆಳಗೆ ಬೀಳುತ್ತದೆ. ಬೆಚ್ಚಿದ್ದು ಬೆಚ್ಚಿದವನಿಗೇ ಗೊತ್ತಾಗದು, ಸದ್ದು ಒದೆತಗಳ ನಡುವೆ ಮುಚ್ಚಿಹೋಗುತ್ತದೆ. ಇದಕ್ಕೆ ಮದ್ದು ಡ್ರಿಲ್ ಕಾರ್ಟ್ರಿಜ್. ಅವನಿಗೆ ತಿಳಿಯದಂತೆ ಉಸ್ತಾದರು ನಿಜವಾದ ಗುಂಡುಗಳ ನಡುವೆ ಒಂದೆರಡು ಖಾಲಿಯವನ್ನು ಬೆರೆಸಿ ಕೊಡುತ್ತಾರೆ. ಖಾಲಿಯದು ಬಂದಾಗ ಬರೀ ಟಿಕ್ ಎನ್ನುತ್ತದೆ, ನಳಿಕೆ ಮಾತ್ರ ಮೂಗು ಕೆಳಗೆ ಹಾಕಿ ಬೆಚ್ಚುತ್ತದೆ. ಅದನ್ನು ಒಮ್ಮೆ ಕಣ್ಣಾರೆ ಕಂಡವನು ಬೇಗ ತಿದ್ದಿಕೊಳ್ಳುತ್ತಾನೆ. ಬ್ಯಾರಕ್ಕಿನಲ್ಲಿ ಖಾಲಿ ರೈಫಲ್‌ನ ನಳಿಕೆಯ ತುದಿಯಲ್ಲಿ ಒಂದು ನಾಣ್ಯ ಇಟ್ಟು, ಅದು ಬೀಳದಂತೆ ಟ್ರಿಗರ್ ಒತ್ತುವ ಅಭ್ಯಾಸವೂ ಇದಕ್ಕೇ. ದಿನಕ್ಕೆ ಇಪ್ಪತ್ತು ಸಲ, ಹದಿನೈದು ದಿನ. ಒಂದು ಗುಂಡೂ ಖರ್ಚಿಲ್ಲದೆ ಇಷ್ಟು ಫಲ ಕೊಡುವ ಅಭ್ಯಾಸ ಬೇರೊಂದಿಲ್ಲ.

ಬಟ್‌ನ, ಅಂದರೆ ಟಾರ್ಗೆಟ್ ನಿಲ್ಲಿಸುವ ಕಡೆಯ, ಕೆಲಸದ ನೆನಪೂ ಬಂತು. ಹಳ್ಳದೊಳಗೆ ಕೂತು ಟಾರ್ಗೆಟ್ ಎಳೆಯುವವರಿಗೆ ತಲೆಯ ಮೇಲೆ ಮೊದಲು ಚಟ್ ಎಂಬ ಚಾಟಿ ಸದ್ದು, ಅರ್ಧ ಸೆಕೆಂಡಿನೊಳಗೆ ದೂರದಿಂದ ಢಂ. ಗುಂಡು ಸದ್ದಿಗಿಂತ ವೇಗವಾಗಿ ಬರುವುದರಿಂದ ಹೀಗೆ, ಎರಡರ ನಡುವಿನ ಬಿಡುವು ಹೆಚ್ಚಿದಷ್ಟು ಹೊಡೆದವನು ದೂರ. ಟಾರ್ಗೆಟ್ ತಪ್ಪಿದರೆ ಕೆಂಪು ಬಾವುಟ ಆಡುತ್ತದೆ, ವಾಶೌಟ್. ಫೈರಿಂಗ್ ಮುಗಿದ ಮೇಲೆ ರೈಫಲ್ ಖಾಲಿ ಮಾಡಿ ತಪಾಸಣೆಗೆ ತೋರಿಸುವ 'ಖಾಲಿ ಕರ್', 'ಜಾಂಚ್ ಶಸ್ತ್ರ್' ಆಜ್ಞೆಗಳು, ಆಮೇಲೆ ಖೋಕಾ ಎಣಿಕೆ. ಎಸ್‌ಎಲ್‌ಆರ್ ಖೋಕಾವನ್ನು ಬಲಕ್ಕೆ ದೂರ ಎಸೆಯುತ್ತದೆ. ಒಂದು ಕಡಿಮೆಯಾದರೂ ಸಾಲಾಗಿ ಬಗ್ಗಿ ಹುಲ್ಲು ಸವರುವುದೇ, ಸಿಗುವವರೆಗೆ ಯಾರಿಗೂ ಚಹಾ ಇಲ್ಲ.

ಕಾರ್ಗಿಲ್ ಕಡೆ ಇದ್ದ ಇಬ್ಬರು ಇನ್ಸಾಸ್ ರೈಫಲ್‌ನ ಮಾತೆತ್ತಿದರು. 5.56 ಗುಂಡು ಹಗುರ, ಒದೆತ ಕಡಿಮೆ, ಹೊಸಬರು ಬೆಚ್ಚುವುದೂ ಕಡಿಮೆ. ಆದರೆ 1999ರ ಚಳಿಯಲ್ಲಿ ಅದರ ಪ್ಲಾಸ್ಟಿಕ್ ಮ್ಯಾಗಝಿನ್ ಸೀಳಿದ ದೂರುಗಳಿದ್ದವು. 5,000 ಮೀಟರ್ ಎತ್ತರದಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟದ ಸುಮಾರು 60 ಶೇಕಡಾ, ತಡೆ ಕಡಿಮೆಯಾಗಿ ದೂರದ ಗುಂಡು ಎತ್ತರಕ್ಕೆ ಬೀಳುತ್ತದೆ. ಬಯಲಿನ ಝೀರೋ ಅಲ್ಲಿ ನಂಬುವಂತಿಲ್ಲ. ಹಿಮದಲ್ಲಿ ನಿಂತ ರೈಫಲನ್ನು ಬೆಚ್ಚಗಿನ ಟೆಂಟಿನೊಳಗೆ ತಂದರೆ ಬೆವರುತ್ತದೆ, ಮತ್ತೆ ಹೊರಗೊಯ್ದರೆ ಆ ಬೆವರು ಹೆಪ್ಪುಗಟ್ಟಿ ಬೋಲ್ಟ್ ಕಚ್ಚುತ್ತದೆ. ಅಲ್ಲಿ ರೈಫಲ್ ಹೊರಗೇ ಇರಬೇಕು, ಎಣ್ಣೆ ಒರೆಸಿ ತೆಗೆದಿರಬೇಕು.

ಅಷ್ಟರಲ್ಲಿ ಸುಬೇದಾರ್ ಸಾಬ್ ಮೈದಾನಕ್ಕಿಳಿದು ಹುಡುಗನೊಬ್ಬನ ಹಿಂದೆ ನಿಂತರು. "ಕಾಯಿ ನೋಡಬೇಡ ಮಗಾ, ಮಣಿ ನೋಡು. ಸದ್ದಾದ ಮೇಲೂ ಕೆನ್ನೆ ಅಲ್ಲೇ ಇರಲಿ." ಪಾದ ಒಂದು ಗೇಣು ಅಗಲಿಸಿದರು, ಕುಂದವನ್ನು ಹೆಗಲ ಗುಳಿಗೆ ಒತ್ತಿಸಿದರು. ಮೊದಲ ಗುಂಡು ಕಾಯಿ ಕಟ್ಟಿದ ಹಗ್ಗದ ಪಕ್ಕ ಹೋಯಿತು. ಎರಡನೆಯದಕ್ಕೆ ಕಾಯಿ ಒಡೆದು ನೀರು ಚಿಮ್ಮಿತು.

ಸಂಜೆ ಆ ಕೋವಿ ಕಟ್ಟೆಯ ಮೇಲೆ ನಮ್ಮ ಕೈಗೆ ಬಂತು. ಆರ್ಮರರ್ ನಳಿಕೆ ಮಡಚಿ ಬೆಳಕಿಗೆ ಹಿಡಿದು ನೋಡಿ ನಳಿಕೆ ಒರೆಸುವ ಕೋಲಾದ ಗಜಕ್ಕೆ ಬಟ್ಟೆ ಸುತ್ತಿದರು. ಮೊದಲನೆಯದು ಕಪ್ಪಗೆ ಬಂತು, ಮೂರನೆಯದು ಬೂದಿ ಬಣ್ಣ, ಐದನೆಯದು ಬೆಳ್ಳಗೆ. ಎಣ್ಣೆ ಹಚ್ಚಿ ಹುಡುಗನ ಕೈಗೆ ಕೊಡುತ್ತಾ, ಇಷ್ಟಕ್ಕೆ ಬಿಡಬೇಡ, ನಳಿಕೆ ರಾತ್ರಿ ಬೆವರುತ್ತದೆ, ನಾಳೆ ನಾಡಿದ್ದು ಎರಡೂ ದಿನ ಒಂದೊಂದು ಬಟ್ಟೆ ಎಳೆದು ನೋಡು ಎಂದರು. ಮಳೆ ಹನಿಯತೊಡಗಿತ್ತು, ಹುಡುಗ ಕೋವಿಯನ್ನು ಅಂಗಿಯೊಳಗೆ ಮರೆಮಾಡಿಕೊಂಡು ಮನೆಯ ಕಡೆ ಓಡಿದ.